ಒಳಗೆ ಬಿಟ್ಟ ಬಟ್ಟೆ

ಎಣಿಸಿ ನೋಡಿದೆ. ಹನ್ನೊಂದು ಕಪ್ಪು ಟೀ ಶರ್ಟು! ಅದರಲ್ಲಿ ಏಳು ಬಿಟ್ಟಿ ಬಂದವು. ಹೊಸ ಚಿತ್ರದ ಪತ್ರಿಕಾಗೋಷ್ಠಿಗೆ ಹೋದರೆ ಕಾಫಿ ತಿಂಡಿಯ ಜೊತೆಗೆ ಎದೆಯ ಮೇಲೆ ಚಿತ್ರದ ಹೆಸರು ಅಚ್ಚು ಹಾಕಿಸಿದ ಟೀ ಶರ್ಟನ್ನೂ ಕೈಗಿಡುವ ನಿರ್ಮಾಪಕರು ಇರ್ತಾರೆ ನೋಡಿ, ಅಂಥವರ ದಯೆ. ಏಳರಲ್ಲಿ ಐದು ಚಿತ್ರಗಳು ಎರಡನೇ ವಾರ ಕಾಣಲಿಲ್ಲ. ಟೀ ಶರ್ಟುಗಳು ಮಾತ್ರ ಇನ್ನೂ ಗಟ್ಟಿಮುಟ್ಟಾಗಿವೆ.

ಹೋದ ತಿಂಗಳು ನಾನು ರೂಮು ಬದಲಾಯಿಸಬೇಕಾಗಿ ಬಂತು. ಶ್ರೀರಾಮಪುರದ ಮಹಡಿ ಮೇಲಿನ ರೂಮಿನಿಂದ ಅದಕ್ಕಿಂತ ಚಿಕ್ಕದಾದ ಇನ್ನೊಂದಕ್ಕೆ. ಹೊಸ ರೂಮಿನ ಗೋಡೆಯಲ್ಲಿ ಇರುವುದು ಎರಡೇ ಎರಡು ಕಲ್ಲಿನ ಹಲಗೆ. ಒಂದು ಪಾತ್ರೆಗೆ, ಒಂದು ಬಟ್ಟೆಗೆ. ಇಲ್ಲಿ ನೋಡಿದರೆ ಮಂಚದ ಮೇಲೆ ಆಳೆತ್ತರ ಬಟ್ಟೆ ಬಿದ್ದಿದೆ. ಜೊತೆಯಲ್ಲಿರುವ ಹಾಸನದ ಹುಡುಗ ಎಡಿಟಿಂಗ್ ಕೆಲಸದವನು. ಅವನಿಗೆ ಎಲ್ಲದಕ್ಕೂ ಕತ್ತರಿಯೇ ಔಷಧಿ.

‘ನೋಡು ಗುರು, ಒಂದು ವರ್ಷದಿಂದ ಮೈಗೆ ಹಾಕದ ಬಟ್ಟೆ ನಿನ್ನದಲ್ಲ, ಬಿಸಾಕು. ಸಿನಿಮಾದಲ್ಲಿ ನಾವು ಮಾಡೋದು ಇದನ್ನೇ. ಎಷ್ಟು ಚೆನ್ನಾಗಿರೋ ಸೀನಾದ್ರೂ ಕಥೆಗೆ ಬೇಡ ಅಂದ್ರೆ ಕಟ್!’

ಮಾತು ಸರಿಯಾಗಿಯೇ ಇತ್ತು. ಹಾಗೇ ಶುರು ಮಾಡಿದೆ. ಮಂಡಿ ಹರಿದ ಜೀನ್ಸು ಎರಡು (ಹರಿದದ್ದಲ್ಲ ಸ್ವಾಮಿ, ಹರಿದದ್ದನ್ನೇ ಜಾಸ್ತಿ ದುಡ್ಡು ಕೊಟ್ಟು ಕೊಂಡದ್ದು), ಆಚೆ ಹೋದವು. ತೊಡೆಗೆ ಅಂಟಿಕೊಂಡು ಕೂತರೆ ಏಳಲಾಗದ ಪೆನ್ಸಿಲ್ ಪ್ಯಾಂಟು, ಅದೂ ಹೋಯಿತು. ‘ಕೆಜಿಎಫ್’ ಬಂದ 2018ರ ಡಿಸೆಂಬರಿನ ನಂತರ ಗಡ್ಡ ಬಿಟ್ಟುಕೊಂಡು ಒಂದು ಉದ್ದನೆಯ ಕಂದು ಕೋಟು ಕೊಂಡಿದ್ದೆ. ಯಶ್ ಅವರಿಗೆ ಅದು ಒಪ್ಪುತ್ತಿತ್ತು. ನನ್ನನ್ನು ಆ ಕೋಟಿನಲ್ಲಿ ಕಂಡ ಅಮ್ಮ ‘ಜ್ವರ ಬಂದಿದೆಯೇನೋ?’ ಅಂತ ಹಣೆ ಮುಟ್ಟಿ ನೋಡಿದ್ದರು. ಕೋಟೂ ಹೋಯಿತು.

ಹೀಗೆ ಸಲೀಸಾಗಿ ಸಾಗುತ್ತಿದ್ದ ಕೆಲಸ ಒಂದು ನೀಲಿ ಶರ್ಟು ಕೈಗೆ ಬಂದ ಕೂಡಲೇ ನಿಂತುಬಿಟ್ಟಿತು. ಕಾಟನ್ ಬಟ್ಟೆ, ಅರ್ಧ ತೋಳು, ಎಡಗಡೆ ಒಂದು ಜೇಬು. ಎರಡು ವರ್ಷದ ಮೇಲಾಯಿತು ಅದನ್ನು ಹಾಕಿ. ಹೊಟ್ಟೆಯ ಹತ್ತಿರ ಗುಂಡಿ ಕೂರುವುದಿಲ್ಲ. ಹಾಸನದ ಹುಡುಗನ ಲೆಕ್ಕದಲ್ಲಿ ಅದು ಕಟ್.

ಆದರೆ ಆ ಶರ್ಟಿನ ಹಿಂದೆ ನಮ್ಮಪ್ಪನ ಕಥೆಯಿದೆ.

* * *

ನಮ್ಮೂರು ತಿಪಟೂರು. ಕೊಬ್ಬರಿ ಮಾರುಕಟ್ಟೆಗೆ ಹೆಸರಾದ ಊರು. ಅಲ್ಲಿ ಬಸ್ ಸ್ಟ್ಯಾಂಡಿನಿಂದ ಕೂಗಳತೆಯ ಒಂದು ಗಲ್ಲಿಯಲ್ಲಿ ನಮ್ಮಪ್ಪನ ಟೈಲರ್ ಅಂಗಡಿ ಇತ್ತು. ಎರಡು ಮೆಷಿನ್, ಒಂದು ಕಟಿಂಗ್ ಟೇಬಲ್, ಇದ್ದಿಲು ಹಾಕುವ ಇಸ್ತ್ರಿಪೆಟ್ಟಿಗೆ. ಗೋಡೆ ತುಂಬ ನಿಮ್ಮ ಕೈಯಲ್ಲಿ ಈಗ ಇದೆಯಲ್ಲ, ಇಂಥವೇ ಸಿನಿಮಾ ವಾರಪತ್ರಿಕೆಗಳ ಬಣ್ಣದ ಪುಟಗಳು. ಅಭಿಮಾನಕ್ಕೆ ಅಂಟಿಸಿದ್ದು ಅಂತ ತಿಳಿಯಬೇಡಿ. ಅದು ಅವರ ವ್ಯಾಪಾರ! ಗಿರಾಕಿ ಬಂದು ಗೋಡೆಗೆ ಬೆರಳು ತೋರಿಸಿ ‘ಅಣ್ಣಾ, ಇಂಥ ಕಾಲರ್ ಇಡು’ ಅನ್ನಬೇಕು, ಇವರು ಟೇಪು ಹಿಡಿಯಬೇಕು. ಪಟದಲ್ಲಿ ಬೆನ್ನು ಕಾಣದಿದ್ದರೆ ಅಪ್ಪ ಟಾಕೀಸಿಗೆ ಹೋಗಿ ಬೆನ್ನಿನ ಪ್ಲೇಟು ಎಲ್ಲಿದೆ ಅಂತ ನೋಡಿಕೊಂಡು ಬರುತ್ತಿದ್ದರು. ಹೀರೋ ಹೊಡೆದಾಡುವಾಗ ಎಲ್ಲರೂ ಏಟು ನೋಡಿದರೆ ಇವರು ತೋಳಿನ ಹೊಲಿಗೆ ನೋಡುತ್ತಿದ್ದರು.

ಅವರು ಕೆಲಸ ಕಲಿಯಲು ಸೇರಿದ್ದು 1977ರಲ್ಲಿ, ಕಾಜ ಹಾಕುವ ಹುಡುಗನಾಗಿ. ಆಗ ಬೆಲ್ ಬಾಟಂ ಕಾಲ. ಮಂಡಿ ಹತ್ತಿರ ಹದಿನೆಂಟು ಇಂಚು ಇದ್ದರೆ ಪಾದದ ಹತ್ತಿರ ಇಪ್ಪತ್ನಾಲ್ಕು, ಇಪ್ಪತ್ತಾರು, ಶೋಕಿಲಾಲರಿಗೆ ಇಪ್ಪತ್ತೆಂಟು. ರಸ್ತೆಯ ದೂಳೆಲ್ಲ ಪ್ಯಾಂಟಿನಲ್ಲೇ ಗುಡಿಸಿಕೊಂಡು ಬರುತ್ತಿದ್ದರಂತೆ. ಅಂಚು ನೆಲಕ್ಕೆ ಉಜ್ಜಿ ಹರಿಯಬಾರದು ಅಂತ ಕಾಲಂಚಿನ ಒಳಗಡೆ ಹಿತ್ತಾಳೆ ಜಿಪ್ಪನ್ನು ಸುತ್ತ ಹೊಲಿಯುತ್ತಿದ್ದರಂತೆ. ನಡೆದರೆ ಸರಸರ ಸದ್ದು. ‘ಹುಡುಗ ಬರೋದು ಗಲ್ಲಿ ತಿರುವಿನಲ್ಲೇ ಗೊತ್ತಾಗೋದು’ ಅಂತ ಅಪ್ಪ ನಗುತ್ತಾರೆ. 1980ರಲ್ಲಿ ಶಂಕರ್‌ನಾಗ್ ಅವರ ‘ಆಟೋ ರಾಜ’ ಬಂದಾಗ ಆಟೋ ಇಲ್ಲದವರೂ ಬಂದು ಖಾಕಿ ಶರ್ಟಿಗೆ ಅಳತೆ ಕೊಟ್ಟು ಹೋದರಂತೆ. 1987ರ ‘ಪ್ರೇಮಲೋಕ’ದ ಹೊತ್ತಿಗೆ ಅಪ್ಪನಿಗೆ ಸ್ವಂತ ಅಂಗಡಿ. ಆಮೇಲೆ ಪ್ಲೀಟು ಪ್ಲೀಟಿನ ಬ್ಯಾಗಿ ಪ್ಯಾಂಟು. ಆಮೇಲೆ ನಿಧಾನವಾಗಿ ರೆಡಿಮೇಡ್. ಕೊನೆಕೊನೆಗೆ ಸ್ಕೂಲ್ ಯೂನಿಫಾರಂ ಮತ್ತು ಆಲ್ಟ್ರೇಷನ್, ಅಷ್ಟೇ.

ನಾನು ಹುಟ್ಟಿದ್ದು ಈ ಕೊನೆಕೊನೆಗೆ. ಹೈಸ್ಕೂಲು ಮುಗಿಯುವವರೆಗೂ ನನ್ನ ಮೈಮೇಲಿದ್ದದ್ದೆಲ್ಲ ಅಪ್ಪ ಹೊಲಿದದ್ದೇ. ಅವುಗಳದ್ದು ಒಂದು ಗುಣ. ಒಳಗೆ ಯಾವಾಗಲೂ ಬಟ್ಟೆ ಬಿಟ್ಟಿರುತ್ತಿದ್ದರು. ಪ್ಯಾಂಟಿನ ಹಿಂದಿನ ಹೊಲಿಗೆಯಲ್ಲಿ ಎರಡು ಇಂಚು, ಕಾಲಿನ ಮಡಿಕೆಯಲ್ಲಿ ಮೂರು ಇಂಚು, ಶರ್ಟಿನ ಎರಡೂ ಪಕ್ಕದಲ್ಲಿ ಒಂದೊಂದು ಇಂಚು. ವರ್ಷಕ್ಕೊಮ್ಮೆ ಹಬ್ಬದ ಮುಂದೆ ಬ್ಲೇಡಿನಲ್ಲಿ ಹಳೇ ಹೊಲಿಗೆ ಬಿಚ್ಚಿ, ಅರ್ಧ ಇಂಚು ಹೊರಗೆ ತಂದು ಮತ್ತೆ ಹೊಲಿಯುವರು. ಹೀಗೆ ಒಂದು ಪ್ಯಾಂಟು ಮೂರು ವರ್ಷ ನನ್ನ ಜೊತೆಯಲ್ಲೇ ಬೆಳೆಯುತ್ತಿತ್ತು. ಕಾಲಿನ ಬುಡದಲ್ಲಿ ಮಾತ್ರ ಹಳೇ ಮಡಿಕೆಯ ಗೆರೆ, ಅದರ ಕೆಳಗೆ ಮಾಸದ ಹೊಸ ಬಣ್ಣದ ಪಟ್ಟಿ. ಮರದ ಕಾಂಡದಲ್ಲಿ ವರ್ಷ ಎಣಿಸಿದ ಹಾಗೆ ನನ್ನ ಪ್ಯಾಂಟಿನಲ್ಲಿ ವರ್ಷ ಎಣಿಸಬಹುದಿತ್ತು.

ಅದು ನನಗೆ ನಾಚಿಕೆ. 2013ರಲ್ಲಿ ಪಿಯುಸಿಗೆ ಸೇರಿದಾಗ ಹುಡುಗರೆಲ್ಲ ಸೊಂಟದ ಕೆಳಗೆ ಜಾರುವ ಜೀನ್ಸಿನಲ್ಲಿ ಬರುತ್ತಿದ್ದರೆ ನಾನೊಬ್ಬ ಹೊಕ್ಕುಳ ಮೇಲೆ ಕಟ್ಟಿದ ಪ್ಯಾಂಟಿನಲ್ಲಿ. ಒಂದು ದಿನ ಅಪ್ಪ ಹೊಲಿದ ಹೊಸ ಚೌಕಳಿ ಶರ್ಟು ಹಾಕಿದ್ದೆ. ಅದೊಂದು ಮಾತ್ರ ಯಾಕೋ ಎಲ್ಲರಿಗೂ ಹಿಡಿಸಿತು.

‘ಲೇ ಮಗಾ, ಸಕತ್ತಾಗಿದೆ. ಎಲ್ಲಿ ತಗೊಂಡೆ?’

‘ಬೆಂಗಳೂರು’ ಅಂದೆ.

ಯಾಕೆ ಹಾಗಂದೆನೋ! ಅಪ್ಪ ಅಲ್ಲಿ ಇರಲಿಲ್ಲ, ಕೇಳಿಸಿಕೊಳ್ಳಲಿಲ್ಲ. ಸಿನಿಮಾ ಆಗಿದ್ದರೆ ಬಾಗಿಲ ಹಿಂದೆ ನಿಂತು ಕೇಳಿಸಿಕೊಂಡು ಕಣ್ಣೊರೆಸಿಕೊಳ್ಳುತ್ತಿದ್ದರು. ಅವರು ಅಂಗಡಿಯಲ್ಲಿ ಯಾರದೋ ಯೂನಿಫಾರಂಗೆ ಗುಂಡಿ ಹಾಕುತ್ತಿದ್ದರು, ಅಷ್ಟೆ. ಅವರಿಗೆ ಇವತ್ತಿಗೂ ಗೊತ್ತಿಲ್ಲ. ಈ ಪತ್ರಿಕೆ ಓದಿದರೆ ಗೊತ್ತಾಗುತ್ತದೆ.

ಪಿಯುಸಿ ಅರ್ಧಕ್ಕೇ ಬಿಟ್ಟೆ. ಅದು ಬೇರೆ ಕಥೆ, ಇಲ್ಲಿಗೆ ಬೇಡ. 2017ರಲ್ಲಿ ಬರೆದದ್ದಕ್ಕೆ ಮೊದಲ ಬಾರಿ ದುಡ್ಡು ಬಂದಾಗ ಮೆಜೆಸ್ಟಿಕ್ಕಿನಲ್ಲಿ ಒಂದು ರೆಡಿಮೇಡ್ ಶರ್ಟು ಕೊಂಡೆ. ಸ್ಲಿಮ್ ಫಿಟ್ ಅಂತೆ. ಊರಿಗೆ ಹೋಗುವಷ್ಟರಲ್ಲಿ ಕಂಕುಳಲ್ಲಿ ಹಿಡಿಯತೊಡಗಿತು. ಅಪ್ಪನ ಕೈಗೆ ಕೊಟ್ಟು ‘ಸ್ವಲ್ಪ ಸಡಿಲ ಮಾಡಿಕೊಡಪ್ಪ’ ಅಂದೆ. ಅವರು ಶರ್ಟನ್ನು ಒಳಮಗ್ಗುಲು ತಿರುವಿ, ಕನ್ನಡಕ ಹಣೆಗೇರಿಸಿ, ಹೊಲಿಗೆಯ ಪಕ್ಕ ಉಗುರಿನಲ್ಲಿ ಕೆದಕಿ ನೋಡಿದರು.

‘ಬಿಚ್ಚೋಕೆ ಒಳಗೆ ಬಟ್ಟೇನೇ ಇಲ್ವಲ್ಲೋ. ಓವರ್‌ಲಾಕ್ ಹೊಡೆದು ಅಂಚಿಗೇ ಕತ್ತರಿಸಿಬಿಟ್ಟಿದಾರೆ. ನೀನು ಇವತ್ತು ಹೆಂಗಿದ್ದೀಯೋ ಹಂಗೇ ಇರಬೇಕು ಅಂತ ಹೊಲಿದಿರೋದು ಇದು.’

ಆಗ ಅದು ಟೈಲರ್ ಮಾತು ಅಂತ ಕಿವಿಗೆ ಹಾಕಿಕೊಳ್ಳಲಿಲ್ಲ.

* * *

2019ರಲ್ಲಿ ಜಯತೀರ್ಥ ನಿರ್ದೇಶನದ ‘ಬೆಲ್ ಬಾಟಂ’ ತೆರೆಗೆ ಬಂತು. ರಿಷಬ್ ಶೆಟ್ಟಿ ಎಂಬತ್ತರ ದಶಕದ ಪತ್ತೇದಾರ ದಿವಾಕರ. ಅಪ್ಪನನ್ನು ಬೆಂಗಳೂರಿಗೆ ಕರೆಸಿಕೊಂಡು ತೋರಿಸಿದೆ. ಎರಡು ಗಂಟೆ ಕಣ್ಣು ಮಿಟುಕಿಸದೆ ನೋಡಿದರು, ಕಥೆಯನ್ನಲ್ಲ ಎಂದು ಬೇರೆ ಹೇಳಬೇಕಾಗಿಲ್ಲ! ಮುಂದಿನ ಸಲ ನಾನು ಊರಿಗೆ ಹೋದಾಗ ಟ್ರಂಕಿನ ತಳದಿಂದ ಒಂದು ಪ್ಯಾಂಟು ತೆಗೆದು ಮಂಚದ ಮೇಲೆ ಹಾಸಿದರು. ಕಾಫಿ ಬಣ್ಣದ ಟೆರಿಕಾಟ್, ನುಸಿಗುಳಿಗೆ ವಾಸನೆ. 1979ರಲ್ಲಿ ಅವರು ಮೊಟ್ಟಮೊದಲು ಸ್ವತಃ ಕತ್ತರಿಸಿ ಹೊಲಿದ ಬೆಲ್ ಬಾಟಂ. ಒಂದು ಕಾಲು ಇಪ್ಪತ್ನಾಲ್ಕು ಇಂಚು, ಇನ್ನೊಂದು ಇಪ್ಪತ್ತೈದು.

‘ಗಿರಾಕಿ ಮುಖಕ್ಕೆ ಎಸೆದು ಹೋದ. ಬಟ್ಟೆ ದುಡ್ಡು ನಮ್ಮ ಯಜಮಾನ್ರು ನನ್ನ ಸಂಬಳದಲ್ಲಿ ಹಿಡಕೊಂಡ್ರು. ಅದಕ್ಕೇ ಇದು ನಂದಾಯ್ತು’ ಅಂದರು. ಮತ್ತೆ ಮಡಿಚಿ ಒಳಗಿಟ್ಟರು.

ಅವರ ಆಯುಷ್ಯದಲ್ಲಿ ಎಷ್ಟು ಸಾವಿರ ಬಟ್ಟೆ ಹೊಲಿದರೋ. ಮದುವೆಯ ಕೋಟು ಎಲ್ಲಿ ಹೋಯಿತೋ ಗೊತ್ತಿಲ್ಲ. ಅಮ್ಮ ಹಳೇ ಬಟ್ಟೆ ಕೊಟ್ಟು ಸ್ಟೀಲ್ ಪಾತ್ರೆ ತಗೊಳ್ಳುವಾಗ ಅಪ್ಪ ಒಂದಕ್ಕೂ ಬೇಡ ಅಂದವರಲ್ಲ. ಉಳಿಸಿಕೊಂಡದ್ದು ಇದೊಂದೇ.

ಚಿತ್ರರಂಗದಲ್ಲಿ ವೇಷ ಅನ್ನುವುದು ಬೇರೆ, ಉಡುಪು ಅನ್ನುವುದು ಬೇರೆ. ಡಾ. ರಾಜ್‌ಕುಮಾರ್ 1968ರ ‘ಜೇಡರ ಬಲೆ’ಯಲ್ಲಿ ಸೂಟು ಹಾಕಿದ ಸಿಐಡಿ 999, 1975ರ ‘ಮಯೂರ’ದಲ್ಲಿ ರಾಜ. ಶೂಟಿಂಗ್ ಮುಗಿದರೆ ಅವೆಲ್ಲ ಪೆಟ್ಟಿಗೆಗೆ. ಹೊರಗೆ ಜನ ಕಂಡದ್ದು ಅದೇ ಬಿಳಿ ಪಂಚೆ, ಬಿಳಿ ಶರ್ಟು. ನನ್ನ ಮಂಚದ ಮೇಲಿನ ರಾಶಿ ನೋಡುತ್ತ ಅನ್ನಿಸಿತು: ಗಡ್ಡದ ಕಾಲದ ಕೋಟು, ಹರಿದ ಜೀನ್ಸು, ಹನ್ನೊಂದು ಕಪ್ಪು ಟೀ ಶರ್ಟು, ಎಲ್ಲ ವೇಷವೇ. ನಾನು ಮಾತ್ರ ಪೆಟ್ಟಿಗೆಗೆ ಹಾಕುವುದು ಮರೆತಿದ್ದೆ. ವೇಷ ಹಾಕಿದ್ದಕ್ಕೆ ನನಗೇನೂ ಬೇಜಾರಿಲ್ಲ. ಇಪ್ಪತ್ತರ ವಯಸ್ಸಿನಲ್ಲಿ ಹಾಕದೆ ಇನ್ಯಾವಾಗ?

ಆದರೆ ನೀಲಿ ಶರ್ಟು?

2020ರ ಲಾಕ್‌ಡೌನಿನಲ್ಲಿ ಮುಚ್ಚಿದ ಅಪ್ಪನ ಅಂಗಡಿ ಮತ್ತೆ ತೆರೆದರೂ ಮೊದಲಿನಂತಾಗಲಿಲ್ಲ. ಅವರ ಬಲಗೈ ನಡುಗತೊಡಗಿತ್ತು. ಸೂಜಿಗೆ ದಾರ ಪೋಣಿಸಲು ಪಕ್ಕದ ಅಂಗಡಿ ಹುಡುಗನನ್ನು ಕರೆಯುತ್ತಿದ್ದರು. 2021ರ ದಸರಾಕ್ಕೆ ನನಗೆಂದು ಈ ಶರ್ಟು ಹೊಲಿದರು. ಆಮೇಲೆ ಹೊಲಿಯಲಿಲ್ಲ. ಕಾಲರಿನ ಹೊಲಿಗೆ ಒಂದು ಕಡೆ ಸ್ವಲ್ಪ ಓಡಾಡಿದೆ, ಕಣ್ಣಿಟ್ಟು ನೋಡಿದರೆ ಮಾತ್ರ ಗೊತ್ತಾಗುತ್ತದೆ. ಅದಾದ ಎರಡು ವಾರಕ್ಕೆ ಅಕ್ಟೋಬರ್ 29, ಪುನೀತ್ ರಾಜ್‌ಕುಮಾರ್ ಹೋಗಿಬಿಟ್ಟರು. ಕಂಠೀರವ ಕ್ರೀಡಾಂಗಣದ ಸಾಲಿನಲ್ಲಿ ನಾನು ನಿಂತದ್ದು ಈ ಶರ್ಟಿನಲ್ಲೇ. ವರದಿ ಮಾಡಲು ಹೋದವನು ಒಂದು ಸಾಲೂ ಬರೆದುಕೊಳ್ಳದೆ ಬಂದೆ. ಜೇಬಿನಲ್ಲಿದ್ದ ಪೆನ್ನು ಸೋರಿ ಆದ ಕಲೆ ಇನ್ನೂ ಇದೆ.

ಶರ್ಟನ್ನು ಒಳಮಗ್ಗುಲು ತಿರುವಿದೆ. ಎರಡೂ ಪಕ್ಕ ಒಂದೊಂದು ಇಂಚು ಬಟ್ಟೆ. ಇಪ್ಪತ್ತನಾಲ್ಕು ವರ್ಷದ ಮಗನಿಗೂ ಬಿಟ್ಟಿದ್ದರು!

ಈಗ ಇನ್ನೊಂದು ತೊಡಕು. ಸಡಿಲ ಮಾಡಿಸಬೇಕೆಂದರೆ ಅಪ್ಪ ಹಾಕಿದ ಹೊಲಿಗೆ ಬಿಚ್ಚಬೇಕು. ಅದೇ ಅವರ ಕಡೆಯ ಹೊಲಿಗೆ. ಬಿಚ್ಚದೆ ಹಾಗೇ ಮಡಿಚಿಟ್ಟರೆ ಅದು ಶರ್ಟಲ್ಲ, ಫೋಟೋ. ಮೂರು ದಿನ ಮಂಚದ ಮೇಲೆ, ಕುರ್ಚಿಯ ಮೇಲೆ, ಮೊಳೆಯ ಮೇಲೆ ಓಡಾಡಿತು. ನಾಲ್ಕನೇ ದಿನ ಅಪ್ಪನಿಗೆ ಫೋನ್ ಮಾಡಿದೆ.

‘ದಪ್ಪ ಆಗಿದೀಯೇನೋ?’ ಅಂದರು, ಖುಷಿಯಿಂದ.

‘ನಿನ್ನ ಹೊಲಿಗೆ ಬಿಚ್ಚಬೇಕಾಗುತ್ತಲ್ಲಪ್ಪ...’

‘ಅಯ್ಯೋ ದಡ್ಡಾ, ಬಿಚ್ಚೋಕೆ ಅಂತಲೇ ಅಲ್ವೇನೋ ಬಟ್ಟೆ ಬಿಟ್ಟಿರೋದು? ಮುಕ್ಕಾಲು ಇಂಚು ಬಿಡಿಸು ಅನ್ನು. ಎರಡೂ ಪಕ್ಕ, ಮುಂದೆ ಹಿಂದೆ ಸೇರಿದ್ರೆ ಮೂರು ಇಂಚು ಆಗುತ್ತೆ. ಪೂರ್ತಿ ಬಿಚ್ಚಿಸಬೇಡ, ಕಾಲಿಂಚು ಹೊಲಿಗೆಗೆ ಬೇಕು.’ ಫೋನು ಇಡುವ ಮುಂಚೆ ಇನ್ನೊಂದು ಮಾತು ಸೇರಿಸಿದರು. ‘ಬ್ಲೇಡಲ್ಲಿ ಹುಷಾರಾಗಿ ಬಿಚ್ಚು ಅನ್ನು, ಎಳೀಬಾರ್ದು.’

ಹೊಸ ರೂಮಿನ ಬೀದಿಯಲ್ಲಿ ಒಬ್ಬರು ಮರದ ಕೆಳಗೆ ಮೆಷಿನ್ ಇಟ್ಟುಕೊಂಡು ಆಲ್ಟ್ರೇಷನ್ ಮಾಡುತ್ತಾರೆ. ವಯಸ್ಸಾದವರು. ಶರ್ಟು ಕೊಟ್ಟೆ. ಅವರೂ ಒಳಮಗ್ಗುಲು ತಿರುವಿದರು, ಅವರೂ ಉಗುರಿನಲ್ಲಿ ಕೆದಕಿದರು.

‘ಇಷ್ಟು ಬಟ್ಟೆ ಬಿಡೋರು ಈಗ ಇಲ್ಲ ಸಾರ್. ತೋಳಿನ ಹೊಲಿಗೇನೂ ಸ್ವಲ್ಪ ಬಿಚ್ಚಬೇಕಾಗುತ್ತೆ. ನೂರು ರೂಪಾಯಿ. ಗುರುವಾರ ಬನ್ನಿ.’

ಗುರುವಾರ ಹೋದೆ. ಶರ್ಟು ಈಗ ಸರಿಯಾಗಿ ಕೂರುತ್ತದೆ. ಒಂದೇ ಒಂದು, ಎರಡೂ ಪಕ್ಕ ಕಂಕುಳಿಂದ ಕೆಳಗಿನವರೆಗೆ ಬಿಸಿಲು ಕಾಣದ ಬಟ್ಟೆ ಹೊರಗೆ ಬಂದು, ಮಾಸಿದ ನೀಲಿಯ ನಡುವೆ ಗಾಢ ನೀಲಿಯ ಉದ್ದ ಪಟ್ಟಿ ಕಾಣುತ್ತದೆ. ಹಳೇ ಹೊಲಿಗೆಯ ಸಣ್ಣ ಸಣ್ಣ ತೂತುಗಳೂ ಸಾಲಾಗಿ ಇವೆ.

ಮೊನ್ನೆ ಒಂದು ಮುಹೂರ್ತಕ್ಕೆ ಅದನ್ನೇ ಹಾಕಿಕೊಂಡು ಹೋಗಿದ್ದೆ. ಹೊಸ ನಾಯಕನಟ, ಮೊದಲ ಚಿತ್ರ, ಮೈತುಂಬ ಸೆಂಟು. ಸಂದರ್ಶನ ಮುಗಿಸಿ ಎದ್ದವನು ನನ್ನ ಪಕ್ಕವನ್ನೇ ದಿಟ್ಟಿಸಿದ.

‘ಸಾರ್, ಸೈಡಲ್ಲಿ ಈ ಪಟ್ಟಿ ಸೂಪರಾಗಿದೆ. ಎಲ್ಲಿ ತಗೊಂಡ್ರಿ?’

‘ತಗೊಂಡಿದ್ದಲ್ಲ, ಹೊಲಿದಿದ್ದು. ತಿಪಟೂರಲ್ಲಿ, ನಮ್ಮಪ್ಪ’ ಅಂದೆ.

‘ಅಡ್ರೆಸ್ ಕೊಡಿ ಸಾರ್’ ಅಂತ ಫೋನು ತೆಗೆದ.