ಹೆಡ್ ಗ್ಯಾಸ್ಕೆಟ್ ಸುಟ್ಟಾಗ

ಯಂತ್ರದ ವಿಷಯವನ್ನು ಈ ಪುಟಗಳಲ್ಲಿ ಎತ್ತಿಕೊಂಡಿರುವುದಕ್ಕೆ ತಾವು ಆಶ್ಚರ್ಯಪಡಬೇಕಾಗಿಲ್ಲ. ಇಂದು ನಮ್ಮ ಹಳ್ಳಿಗಳ ಬಾಳುವೆ ಬಹುಮಟ್ಟಿಗೆ ಯಂತ್ರವನ್ನೇ ಆಶ್ರಯಿಸಿದೆ. ಹುಮನಾಬಾದ ಸೀಮೆಯ ನಮ್ಮ ಘಾಟಬೋರಾಳವನ್ನೇ ತೆಗೆದುಕೊಳ್ಳಿರಿ. ನೇಗಿಲ ಕೆಲಸವನ್ನು ಟ್ರ್ಯಾಕ್ಟರು ಮಾಡುತ್ತದೆ. ಕಬ್ಬು ಟ್ರ್ಯಾಲಿಯಲ್ಲಿ ಕಾರ್ಖಾನೆಗೆ ಹೋಗುತ್ತದೆ. ನಡುರಾತ್ರಿ ಎದೆನೋವು ಬಂದವರನ್ನು ಸೊಲ್ಲಾಪುರಕ್ಕೋ ಹೈದರಾಬಾದಿಗೋ ಒಯ್ಯಲು ಬಾಡಿಗೆಯ ಕಾರೊಂದೇ ಗತಿ. ಆ ಎರಡೂ ಊರುಗಳು ಹುಮನಾಬಾದಿನಿಂದ ನೂರೈವತ್ತು ಕಿಲೋಮೀಟರ್ ಆಸುಪಾಸಿನಲ್ಲಿವೆ. ದಾರಿಯ ಮಧ್ಯದಲ್ಲಿ ಕಾರು ನಿಂತಿತೆಂದರೆ ರೋಗಿಯ ಗತಿಯೇನೆಂಬುದನ್ನು ನಾನು ಬಿಡಿಸಿ ಹೇಳಬೇಕಾಗಿಲ್ಲ.

ನನ್ನ ತಂಗಿಯ ಮಗನು ಅಂಥದೊಂದು ಬಾಡಿಗೆ ಕಾರಿನಿಂದ ಸಂಸಾರ ಸಾಗಿಸುತ್ತಾನೆ. ಅದು ಟರ್ಬೊ ಕೂಡಿಸಿದ ಡೀಸೆಲ್ ಕಾರು, ಕೈಬದಲಾದದ್ದು. ಮುಂಗಡ ಹಣಕ್ಕೆಂದು ನನ್ನ ತಂಗಿ ತನ್ನ ಕೈಬಳೆಗಳನ್ನು ಒತ್ತೆಯಿಟ್ಟಿದ್ದಳು. ಒಂದು ಬೇಸಿಗೆಯಲ್ಲಿ ಆ ಕಾರಿನ ನೀರು ಕಡಿಮೆಯಾಗತೊಡಗಿತು. ನೆಲದ ಮೇಲೆ ಒಂದು ತೊಟ್ಟೂ ಬೀಳದು. ಆದರೂ ಎರಡು ದಿನಕ್ಕೊಮ್ಮೆ ಲೀಟರಿನಷ್ಟು ನೀರು ಸುರಿಯಬೇಕು. ಬೆಳಿಗ್ಗೆ ಚಾಲೂ ಮಾಡಿದಾಗ ಹಿಂದಿನ ಕೊಳವೆಯಿಂದ ಬಿಳಿಯ ಹೊಗೆ ಬರುತ್ತಿತ್ತು. ಪಕ್ಕದ ಪಟ್ಟಣದ ಒಂದು ಅಂಗಡಿಯಲ್ಲಿ ಒಂದೇ ದಿನದಲ್ಲಿ ಹೆಡ್ ಬಿಚ್ಚಿ, ಹೊಸ ಗ್ಯಾಸ್ಕೆಟ್ ಹಾಕಿ ಕೊಟ್ಟರು. ಎರಡು ತಿಂಗಳು ಕಳೆಯುವುದರೊಳಗೆ ಮತ್ತೆ ಅದೇ ಹೊಗೆ, ಅದೇ ನೀರಿನ ಇಳಿತ.

ಈ ಗ್ಯಾಸ್ಕೆಟ್ಟೆಂಬುದು ಏನೆಂದು ಮೊದಲು ತಿಳಿಯೋಣ. ಇಂಜಿನ್ನಿನ ಕೆಳಭಾಗವಾದ ಬ್ಲಾಕಿನಲ್ಲಿ ಪಿಸ್ಟನ್ನುಗಳು ಆಡುತ್ತವೆ. ಮೇಲೆ ಮುಚ್ಚಳದಂತೆ ಹೆಡ್ ಕೂರುತ್ತದೆ. ಇವೆರಡರ ನಡುವೆ ಸುಮಾರು ಒಂದು ಮಿಲಿಮೀಟರ್ ದಪ್ಪದ ಒಂದು ತೆಳುವಾದ ಹಾಳೆಯಿದೆ. ಅದೇ ಹೆಡ್ ಗ್ಯಾಸ್ಕೆಟ್. ಆ ಹಾಳೆಯ ಒಂದು ರಂಧ್ರದಲ್ಲಿ ಬೆಂಕಿ, ಇನ್ನೊಂದರಲ್ಲಿ ನೀರು, ಮತ್ತೊಂದರಲ್ಲಿ ಎಣ್ಣೆ. ಈ ಮೂರೂ ಬೆರಳಗಲದ ಅಂತರದಲ್ಲಿದ್ದೂ ಒಂದರೊಡನೊಂದು ಕೂಡದಂತೆ ಅದು ತಡೆಯಬೇಕು. ತಡೆ ಮುರಿದರೆ ಅನಾಹುತ ಮೂರು ಬಗೆಯದು. ಉರಿಯ ಅನಿಲ ನೀರಿಗೆ ನುಗ್ಗಿದರೆ ರೇಡಿಯೇಟರಿನಲ್ಲಿ ಗುಳ್ಳೆಗಳೇಳುತ್ತವೆ. ನೀರು ಎಣ್ಣೆಗೆ ಸೇರಿದರೆ ಎಣ್ಣೆಯು ಮಜ್ಜಿಗೆಯ ಬಣ್ಣಕ್ಕೆ ತಿರುಗಿ ಬೇರಿಂಗುಗಳನ್ನು ತಿನ್ನುತ್ತದೆ. ನೀರು ಸಿಲಿಂಡರಿನಲ್ಲಿಯೇ ತುಂಬಿ ನಿಂತಿತೋ, ಚಾಲೂ ಮಾಡಿದ ಕ್ಷಣದಲ್ಲಿ ಕನೆಕ್ಟಿಂಗ್ ರಾಡು ಬಾಗಿಹೋಗುತ್ತದೆ. ಏಕೆಂದರೆ ಗಾಳಿಯಂತೆ ನೀರು ಅಡಕವಾಗುವ ವಸ್ತುವಲ್ಲ.

ಆ ಹಾಳೆ ಹೊರುವ ಭಾರವೆಷ್ಟು? ಲೆಕ್ಕ ಹಾಕಿ ನೋಡಿರಿ. 9 ಸೆಂಟಿಮೀಟರ್ ವ್ಯಾಸದ ಸಿಲಿಂಡರಿನ ಬಾಯಿ ಸುಮಾರು 64 ಚದರ ಸೆಂಟಿಮೀಟರ್. ಇಂದಿನ ಟರ್ಬೊ ಡೀಸೆಲ್ಲಿನಲ್ಲಿ ಉರಿಯ ಒತ್ತಡವು ಚದರ ಸೆಂಟಿಮೀಟರಿಗೆ 150 ಕಿಲೋಗ್ರಾಂ ತಲುಪಬಲ್ಲದು. ಗುಣಿಸಿದರೆ ಹೆಡ್ಡನ್ನು ಮೇಲೆತ್ತುವ ಬಲ ಒಂಬತ್ತೂವರೆ ಟನ್ನಾಯಿತು. ಹೆಚ್ಚುಕಡಿಮೆ ಒಂದು ಟ್ರ್ಯಾಲಿ ಕಬ್ಬಿನ ಭಾರ! ನಿಮಿಷಕ್ಕೆ 3000 ಸುತ್ತಿನ ವೇಗದಲ್ಲಿ ಈ ಹೊಡೆತ ಒಂದೊಂದು ಸಿಲಿಂಡರಿನಲ್ಲಿಯೂ ಸೆಕೆಂಡಿಗೆ 25 ಬಾರಿ ಬೀಳುತ್ತದೆ. ಸ್ವಿಟ್ಜರ್ಲೆಂಡಿನ ಆಲ್ಫ್ರೆಡ್ ಬ್ಯೂಷಿ ಎಂಬ ಎಂಜಿನಿಯರು 1905ರಲ್ಲಿ ಟರ್ಬೊದ ಕಲ್ಪನೆಗೆ ಪೇಟೆಂಟ್ ಪಡೆದನು. ಹೊರಹೋಗುವ ಹೊಗೆಯ ಬಲದಿಂದಲೇ ಗಾಳಿಯನ್ನು ಒಳಗೆ ತುರುಕಿ, ಸಣ್ಣ ಇಂಜಿನ್ನಿನಿಂದ ದೊಡ್ಡ ಶಕ್ತಿ ತೆಗೆಯುವ ಉಪಾಯವದು. ಶಕ್ತಿ ಹೆಚ್ಚಿದಷ್ಟೂ ಆ ತೆಳುಹಾಳೆಯ ಪಾಲಿನ ಭಾರವೂ ಹೆಚ್ಚಿತೆನ್ನಿ. ಕಂಪ್ಯೂಟರ್ ಜೋಡಿಸಿ ಕಾರಿನ ಶಕ್ತಿಯನ್ನು ಇನ್ನಷ್ಟು ಏರಿಸಿ ಕೊಡುವವರು ಈಗ ಊರೂರಿಗೂ ಇದ್ದಾರೆ. ಏರಿದ ಒತ್ತಡವನ್ನು ಯಾರು ಹೊರಬೇಕೆಂಬುದನ್ನು ಅವರು ಗಿರಾಕಿಗೆ ಹೇಳುವುದನ್ನು ನಾನಂತೂ ಕೇಳಿಲ್ಲ.

ನಮ್ಮ ಭಾಗದ ಕೈಗಳು ಯಂತ್ರವನ್ನು ಕಲಿತದ್ದು ಬಾವಿಯ ಮೇಲಿನ ಆಯಿಲ್ ಇಂಜಿನ್ನಿನಿಂದ. 1888ರಲ್ಲಿ ಬೆಳಗಾವಿಯ ಸೈಕಲ್ ಅಂಗಡಿಯಿಂದ ಆರಂಭವಾದ ಕಿರ್ಲೋಸ್ಕರ ಮನೆತನದ ಉದ್ಯಮವು 1946ರಲ್ಲಿ ಪುಣೆಯಲ್ಲಿ ಆಯಿಲ್ ಇಂಜಿನ್ನಿನ ಕಂಪನಿಯನ್ನು ಸ್ಥಾಪಿಸಿದ ಮೇಲೆ ಈ ಯಂತ್ರ ರೈತರ ಹೊಲಗಳಿಗೆ ಬಂದಿತು. ಡುಗ್ ಡುಗ್ ಎಂದು ನಿಮಿಷಕ್ಕೆ 1500 ಸುತ್ತು ತಿರುಗುವ, ಒಂದೇ ಸಿಲಿಂಡರಿನ ಸಾಧು ಯಂತ್ರ. ಅದರ ಬ್ಲಾಕೂ ಬೀಡುಕಬ್ಬಿಣ, ಹೆಡ್ಡೂ ಬೀಡುಕಬ್ಬಿಣ; ಕಾದಾಗ ಎರಡೂ ಸಮನಾಗಿ ಹಿಗ್ಗುತ್ತವೆ. ತಾಮ್ರದ ತಗಡಿನ ನಡುವೆ ಕಲ್ನಾರು ತುಂಬಿದ ಗ್ಯಾಸ್ಕೆಟ್ಟಿಗೆ ಗ್ರೀಸು ಸವರಿ ಕೂರಿಸಿ, ಪಾನಾಕ್ಕೆ ಕೊಳವೆ ಸಿಕ್ಕಿಸಿ ಕೈಯಳತೆಯಲ್ಲಿ ಬಿಗಿದು, ಒಂದು ತಾಸು ಓಡಿಸಿ ಮತ್ತೆ ಬಿಗಿದರೆ ವರುಷಗಟ್ಟಲೆ ಚಿಂತೆಯಿಲ್ಲ. ಅದಕ್ಕೆ ಹಾಕುವ ನೀರೂ ಬಾವಿಯದೇ. ಪಂಪಿನಿಂದ ಬಂದ ತಣ್ಣೀರಿನ ಒಂದು ಪಾಲು ಇಂಜಿನ್ನನ್ನು ಸುತ್ತಿ ಕಾಲುವೆಗೆ ಹರಿದುಹೋಗುತ್ತಿತ್ತು.

ಆ ಯಂತ್ರಕ್ಕೆ ಅದು ತಕ್ಕ ವಿದ್ಯೆ. ಅದನ್ನು ಅಲ್ಲಗಳೆಯುವವನು ನಾನಲ್ಲ. ಆದರೆ ಅದೇ ಕೈಯಳತೆಯನ್ನು ವೇಗದ ಕಾರಿಗೆ ತಂದಾಗ ಗ್ಯಾಸ್ಕೆಟ್ ಮತ್ತೆ ಮತ್ತೆ ಸುಡುತ್ತದೆ. ಈ ಕಾರುಗಳ ಬ್ಲಾಕು ಬೀಡುಕಬ್ಬಿಣವಾದರೆ ಹೆಡ್ ಅಲ್ಯೂಮಿನಿಯಂ. ಕಾದಾಗ ಅಲ್ಯೂಮಿನಿಯಂ ಕಬ್ಬಿಣದ ಎರಡರಷ್ಟು ಹಿಗ್ಗುತ್ತದೆ. ಅರ್ಧ ಮೀಟರಿಗೆ ತುಸು ಕಡಿಮೆ ಉದ್ದದ ಹೆಡ್ಡಿನಲ್ಲಿ, ತಣ್ಣಗಿನ ಸ್ಥಿತಿಯಿಂದ ಪೂರ್ಣ ಕಾವೇರುವಷ್ಟರಲ್ಲಿ, ಎರಡರ ನಡುವಿನ ವ್ಯತ್ಯಾಸ ಕಾಲು ಮಿಲಿಮೀಟರನ್ನು ಮೀರುತ್ತದೆ. ಎಂದರೆ ಪ್ರತಿ ಪ್ರಯಾಣದಲ್ಲಿಯೂ ಹೆಡ್ ಗ್ಯಾಸ್ಕೆಟ್ಟಿನ ಮೇಲೆ ಜಾರುತ್ತದೆ, ಮತ್ತೆ ಹಿಂದಕ್ಕೆ ಬರುತ್ತದೆ. ಇದಕ್ಕಾಗಿಯೇ ಈಗಿನ ಗ್ಯಾಸ್ಕೆಟ್ಟನ್ನು ಹಲವು ಪದರಗಳ ಉಕ್ಕಿನ ತಗಡಿನಿಂದ, ಸ್ಪ್ರಿಂಗಿನಂಥ ಏಣುಗಳನ್ನಿಟ್ಟು ಮಾಡಿರುತ್ತಾರೆ. ಅದಕ್ಕೆ ಗ್ರೀಸು ಬೇಡ, ಬಣ್ಣ ಬೇಡ. ಒಣಗಿದ, ಶುಭ್ರವಾದ, ಕನ್ನಡಿಯಂಥ ಮೈ ಬೇಕು.

ನನ್ನ ಸೋದರಳಿಯನು ಎರಡನೆಯ ಸಲ ಕಂಗಾಲಾಗಿ ಕುಳಿತಾಗ ದಲಾಲನೊಬ್ಬ ಮನೆಗೆ ಬಂದನು. ಸೋರಿಕೆ ನಿಲ್ಲಿಸುವ ಔಷಧದ ಸೀಸೆಯೊಂದನ್ನು ರೇಡಿಯೇಟರಿಗೆ ಸುರಿದರೆ ಹೊಗೆ ಕೆಲವು ವಾರ ನಿಲ್ಲುತ್ತದೆ, ಅಷ್ಟರಲ್ಲಿ ದೂರದ ಗಿರಾಕಿಯೊಬ್ಬನಿಗೆ ದಾಟಿಸೋಣ ಎಂಬುದು ಅವನ ಸಲಹೆ. ಹುಡುಗನು ನನ್ನ ಮುಖ ನೋಡಿ, "ಮಾಮಾ, ಅವ್ವನ ಬಳಿ ಬಿಡಿಸ್ಬೇಕಾಗ್ಯದ, ಏನ್ ಮಾಡ್ಲಿ?" ಎಂದು ಕೇಳಿದನು. ಕೊಳ್ಳುವವನೂ ಯಾವುದೋ ಊರಿನಲ್ಲಿ ರೋಗಿಗಳನ್ನೇ ಒಯ್ಯುವವನಿರಬಹುದು ಎಂದಷ್ಟೇ ನಾನು ಹೇಳಿದೆನು. ಅವನು ಬಹಳ ಹೊತ್ತು ಸುಮ್ಮನಿದ್ದನು. ಮಾರನೆಯ ದಿನ ಕಾರನ್ನು ಇನ್ನೊಂದು ಕಾರಿನ ಬೆನ್ನಿಗೆ ಕಟ್ಟಿ ಹುಮನಾಬಾದಿಗೆ ಒಯ್ದೆವು. (ಆ ಸೀಸೆಯ ಔಷಧವು ಸೋರುವ ಸಂದನ್ನಷ್ಟೇ ಮುಚ್ಚಿ ಬಿಡುವುದಿಲ್ಲ, ರೇಡಿಯೇಟರಿನ ಕೂದಲೆಳೆಯ ನಳಿಕೆಗಳನ್ನೂ ಮುಚ್ಚಬಲ್ಲದು ಎಂಬುದು ತಮಗೆ ತಿಳಿದಿರಲಿ.)

ಅಲ್ಲಿಯ ವೃದ್ಧ ಉಸ್ತಾದರು ಹೆಡ್ಡಿಗೆ ಕೈಹಚ್ಚಲೇ ಇಲ್ಲ. "ಮಾಸ್ತರೆ, ಗ್ಯಾಸ್ಕೆಟ್ ಸುಟ್ಟದ್ದು ಖರೇ. ಯಾಕ್ ಸುಡ್ತು ಅಂಬೋದು ಮೊದ್ಲ ನೋಡ್ಬೇಕ್ರಿ" ಎಂದರು. ಇಂಜಿನ್ ಪೂರ್ಣ ತಣ್ಣಗಾಗುವವರೆಗೆ ರೇಡಿಯೇಟರಿನ ಮುಚ್ಚಳವನ್ನು ಮುಟ್ಟಗೊಡಲಿಲ್ಲ. ಒತ್ತಡದಲ್ಲಿರುವ ನೀರು 100 ಡಿಗ್ರಿ ದಾಟಿದರೂ ಕುದಿಯದೆ ಕಾದು ಕುಳಿತಿರುತ್ತದೆ. ಮುಚ್ಚಳ ತೆರೆದೊಡನೆ ಉಕ್ಕಿ ಮುಖವನ್ನು ಬೇಯಿಸುತ್ತದೆ. ತಣಿದ ಮೇಲೆ ನೀಲಿಯ ದ್ರವವುಳ್ಳ ಗಾಜಿನ ನಳಿಗೆಯೊಂದನ್ನು ರೇಡಿಯೇಟರಿನ ಬಾಯಿಗಿಟ್ಟು ಇಂಜಿನ್ ಓಡಿಸಿದರು. ನೀರಿನಲ್ಲಿ ಉರಿಯ ಅನಿಲವಿದ್ದರೆ ಆ ದ್ರವದ ಬಣ್ಣ ಬದಲಾಗುತ್ತದೆ. ಬದಲಾಯಿತು.

ಬಳಿಕ ರೇಡಿಯೇಟರನ್ನು ಕಳಚಿ ತೋರಿಸಿದರು. ಅರ್ಧದಷ್ಟು ನಳಿಕೆಗಳು ಸುಣ್ಣದ ಪರೆಯಿಂದ ಕಟ್ಟಿಹೋಗಿದ್ದವು. ನೀರು ಕಾಯಿಸುವ ಹಂಡೆಯ ತಳದಲ್ಲಿ ಕೂರುವ ಪರೆಯೇ ಅದು. ನಮ್ಮ ಕೊಳವೆಬಾವಿಗಳ ಗಡಸು ನೀರಿನ ಫಲ. ಆಯಿಲ್ ಇಂಜಿನ್ನಿನಲ್ಲಿ ನೀರು ಹರಿದುಹೋಗುತ್ತಿತ್ತು, ಸುಣ್ಣವೂ ಅದರೊಡನೆ ಬಹುಪಾಲು ಹೋಗುತ್ತಿತ್ತು. ಕಾರಿನಲ್ಲಿ ಅದೇ ನೀರು ಸುತ್ತಿ ಸುತ್ತಿ ಬರುತ್ತದೆ. ಆವಿಯಾದಷ್ಟನ್ನು ಮತ್ತೆ ತುಂಬಿದಾಗಲೆಲ್ಲ ಹೊಸ ಸುಣ್ಣ ಒಳಸೇರಿ ಉಳಿಯುತ್ತದೆ. ನಳಿಕೆ ಕಟ್ಟಿದ್ದರಿಂದ ಕಾವು ಏರಿತು, ಕಾವಿನಿಂದ ಹೆಡ್ ಸೊಟ್ಟಾಯಿತು, ಸೊಟ್ಟಾದ ಹೆಡ್ಡಿನ ಕೆಳಗೆ ಗ್ಯಾಸ್ಕೆಟ್ ಸುಟ್ಟಿತು. ಮೊದಲಿನ ಅಂಗಡಿಯವರು ಈ ಸರಪಳಿಯ ಕೊನೆಯ ಕೊಂಡಿಯೊಂದನ್ನೇ ಬದಲಿಸಿದ್ದರು.

ಹೆಡ್ ಬಿಚ್ಚುವಾಗ ಬೋಲ್ಟುಗಳನ್ನು ಎರಡೂ ತುದಿಗಳಿಂದ ನಡುವಿನತ್ತ ಸ್ವಲ್ಪ ಸ್ವಲ್ಪವಾಗಿ ಸಡಿಲಿಸಿದರು; ಒಮ್ಮೆಲೆ ಒಂದು ಕಡೆ ಬಿಚ್ಚಿದರೆ ಒಳ್ಳೆಯ ಹೆಡ್ಡೂ ತಿರುಚಿಕೊಳ್ಳುತ್ತದೆ. ನೇರ ಅಂಚಿನ ಉಕ್ಕಿನ ಪಟ್ಟಿಯನ್ನು ಹೆಡ್ಡಿನ ಮೈಮೇಲೆ ಉದ್ದಕ್ಕೂ, ಅಡ್ಡಕ್ಕೂ, ಮೂಲೆಯಿಂದ ಮೂಲೆಗೂ ಇಟ್ಟು, ಕೆಳಗೆ ಫೀಲರ್ ಗೇಜಿನ ಎಲೆಗಳನ್ನು ತೂರಿಸಿದರು. ಇಂಥ ಹೆಡ್ಡುಗಳಲ್ಲಿ 0.05 ಮಿಲಿಮೀಟರಿನಷ್ಟು ಸೊಟ್ಟನ್ನು ಸಾಮಾನ್ಯವಾಗಿ ಸಹಿಸುತ್ತಾರೆ. ತಲೆಗೂದಲಿನ ದಪ್ಪಕ್ಕಿಂತಲೂ ಕಡಿಮೆ. ನಮ್ಮದರಲ್ಲಿ 0.15ರ ಎಲೆ ಸರಾಗವಾಗಿ ತೂರಿತು. ಕಣ್ಣಿಗಾಗಲಿ ಬೆರಳಿಗಾಗಲಿ ಆ ಸೊಟ್ಟು ತಿಳಿಯುವಂತಿರಲಿಲ್ಲ. ಹೆಡ್ಡನ್ನು ಸೊಲ್ಲಾಪುರಕ್ಕೆ ಕಳುಹಿಸಿ, ಬಿರುಕಿದೆಯೇ ಎಂದು ಒತ್ತಡದಿಂದ ಪರೀಕ್ಷಿಸಿ, ಮೈ ಹೆರೆಸಿ ತಂದೆವು. ಡೀಸೆಲ್ಲಿನಲ್ಲಿ ಹೀಗೆ ಹೆರೆಯುವುದಕ್ಕೆ ಮಿತಿಯುಂಟು. ಹೆಡ್ ತೆಳುವಾದರೆ ವಾಲ್ವು ಪಿಸ್ಟನ್ನಿನ ತಲೆಗೆ ಬಡಿಯಬಹುದು. ಅದಕ್ಕೆಂದೇ ಒಂದೇ ಇಂಜಿನ್ನಿಗೆ ಎರಡು ಮೂರು ದಪ್ಪದ ಗ್ಯಾಸ್ಕೆಟ್ಟುಗಳು ಬರುತ್ತವೆ. ಅಂಚಿನ ಮೇಲಿನ ಕಚ್ಚುಗಳನ್ನೋ ತೂತುಗಳನ್ನೋ ಎಣಿಸಿ ದಪ್ಪವನ್ನು ಗುರುತಿಸಬೇಕು. ಎಷ್ಟೋ ಅಂಗಡಿಗಳಲ್ಲಿ ಕೈಗೆ ಸಿಕ್ಕಿದ್ದನ್ನು ಕೊಟ್ಟುಬಿಡುತ್ತಾರೆ.

ಇಲ್ಲಿ ಒಂದು ಮಾತು. ಹಳೆಯ ಇಂಜಿನ್ನುಗಳ ಗ್ಯಾಸ್ಕೆಟ್ಟಿನಲ್ಲಿ ಕಲ್ನಾರಿರಬಹುದು. ಅಂಟಿದ ಚೂರುಗಳನ್ನು ಒಣಗಿದಂತೆಯೇ ಕೆರೆದು, ಗಾಳಿ ಹೊಡೆದು ಹಾರಿಸುವುದನ್ನು ನಾನು ಅನೇಕ ಕಡೆ ಕಂಡಿದ್ದೇನೆ. ಹತ್ತು ಹನ್ನೆರಡರ ಹುಡುಗರು ಪಕ್ಕದಲ್ಲಿಯೇ ನಿಂತಿರುತ್ತಾರೆ. ಆ ಧೂಳು ಶ್ವಾಸಕೋಶದಲ್ಲಿ ಕುಳಿತು ದಶಕಗಳ ಬಳಿಕ ಕ್ಯಾನ್ಸರ್ ತರಬಲ್ಲದು. ನೀರಿನಿಂದ ತೋಯಿಸಿ ತೆಗೆಯುವುದಕ್ಕೆ ಖರ್ಚೇನೂ ಇಲ್ಲ.

ಹೊಸ ಬೋಲ್ಟುಗಳನ್ನೇ ತರಬೇಕೆಂದು ಉಸ್ತಾದರು ಪಟ್ಟುಹಿಡಿದರು. ಇಂಥ ಇಂಜಿನ್ನಿನ ಬೋಲ್ಟು ಬಿಗಿಯುವಾಗ ತುಸು ಉದ್ದಕ್ಕೆ ಜಗ್ಗಿ, ಆ ಜಗ್ಗಿನ ಬಲದಿಂದಲೇ ಹೆಡ್ಡನ್ನು ಅದುಮಿ ಹಿಡಿಯುತ್ತದೆ. ಒಮ್ಮೆ ಜಗ್ಗಿದ ಬೋಲ್ಟು ಎರಡನೆಯ ಸಲ ಅಷ್ಟು ಬಲ ಕೊಡುವುದೆಂಬ ಭರವಸೆಯಿಲ್ಲ. ಬ್ಲಾಕಿನ ಬೋಲ್ಟು ಕುಳಿಗಳಲ್ಲಿ ನಿಂತ ನೀರು, ಎಣ್ಣೆಗಳನ್ನು ಬಟ್ಟೆಯಿಂದ ಹೀರಿ ತೆಗೆದರು. ಅದನ್ನು ಬಿಟ್ಟು ಬಿಗಿದರೆ ದಾರಿ ಕಾಣದ ದ್ರವವು ಬ್ಲಾಕನ್ನೇ ಸೀಳಬಲ್ಲದು. ಬಿಗಿಯುವ ಕ್ರಮ ಬಿಚ್ಚುವುದಕ್ಕೆ ವಿರುದ್ಧ: ನಡುವಿನಿಂದ ಆರಂಭಿಸಿ ಸುರುಳಿಯಾಗಿ ಹೊರಕ್ಕೆ. ಟಾರ್ಕ್ ಪಾನಾದಿಂದ ಮೊದಲು ಎಲ್ಲವನ್ನೂ ಒಂದು ಅಳತೆಗೆ, ಬಳಿಕ ಕೈಪಿಡಿ ಹೇಳಿದಂತೆ ಒಂದೊಂದನ್ನೂ ಕಾಲುಸುತ್ತು, ಮತ್ತೆ ಕಾಲುಸುತ್ತು. ಪ್ರತಿ ಬೋಲ್ಟಿನ ತಲೆಯ ಮೇಲೆ ಬಿಳಿಯ ಬಣ್ಣದ ಚುಕ್ಕೆಯಿಟ್ಟು ತಿರುವಿದರು. ಒಂದು ತಾಸು ಓಡಿಸಿ ಮತ್ತೆ ಬಿಗಿಯುವ ಹಳೆಯ ಪದ್ಧತಿಯನ್ನು ಅನುಸರಿಸಲಿಲ್ಲ. ಹಾಗೆ ಮಾಡಿದರೆ ಅಳತೆಯೇ ಕೆಡುತ್ತದೆ. ನಲವತ್ತು ವರುಷ ಆಯಿಲ್ ಇಂಜಿನ್ ಬಿಗಿದ ಕೈ ಅಂದು ಕೈಪಿಡಿಯ ಪುಟವನ್ನು ಬೆರಳಿಟ್ಟು ಓದಿಕೊಂಡು ನಡೆಯುತ್ತಿದ್ದುದನ್ನು ನಾನು ನೋಡುತ್ತ ಕುಳಿತಿದ್ದೆನು.

ಹೊಸ ರೇಡಿಯೇಟರು, ಹೊಸ ಥರ್ಮೋಸ್ಟಾಟು ಬಂದವು. ಒಳಗೆ ಬಾವಿಯ ನೀರಿಲ್ಲ; ಶುದ್ಧೀಕರಿಸಿದ ನೀರು ಮತ್ತು ಕೂಲಂಟು ಸಮಪಾಲು. ನಮ್ಮಲ್ಲಿ ನೀರು ಹೆಪ್ಪುಗಟ್ಟುವ ಚಳಿಯಿಲ್ಲವಾದ್ದರಿಂದ ಕೂಲಂಟು ಬೇಡವೆಂದು ಹಲವರ ವಾದ. ಅದು ಕುದಿಯುವ ಬಿಂದುವನ್ನು ಏರಿಸುತ್ತದೆ, ಲೋಹಕ್ಕೆ ತುಕ್ಕು ಹಿಡಿಯದಂತೆ ಕಾಯುತ್ತದೆ. 40 ಡಿಗ್ರಿಯ ಸಮೀಪಕ್ಕೇರುವ ನಮ್ಮ ಬೇಸಿಗೆಗೆ ಅದು ಇನ್ನೂ ಅಗತ್ಯ. ಆದರೆ ಅದು ವಿಷ, ರುಚಿ ಸಿಹಿ. ಹೊರಚೆಲ್ಲಿದ್ದನ್ನು ನಾಯಿ, ಕರುಗಳು ನೆಕ್ಕಿದರೆ ಮೂತ್ರಪಿಂಡ ಕೆಟ್ಟು ಸಾಯುತ್ತವೆ. ಅಂಗಳದಲ್ಲಿ ಚೆಲ್ಲದೆ ಡಬ್ಬಿಯಲ್ಲಿ ಹಿಡಿದಿಡಿರಿ, ಮಕ್ಕಳ ಕೈಗೆ ಸಿಗದಂತೆ ಮೇಲಿಡಿರಿ.

ಖರ್ಚಿನಲ್ಲಿ ದೊಡ್ಡ ಪಾಲು ರೇಡಿಯೇಟರಿನದು, ಅತಿ ಚಿಕ್ಕದು ಗ್ಯಾಸ್ಕೆಟ್ಟಿನದು. ಬಳೆಗಳನ್ನು ಬಿಡಿಸಿಕೊಳ್ಳುವ ದಿನ ಅಷ್ಟು ಮುಂದಕ್ಕೆ ಹೋಯಿತು. ತಂಗಿ ಒಂದು ಮಾತನ್ನೂ ಆಡಲಿಲ್ಲ. ಆ ಬೇಸಿಗೆ ಕಳೆದು ಮತ್ತೊಂದು ಬೇಸಿಗೆಯೂ ಕಳೆಯಿತು. ಹುಡುಗನು ಈಗ ಪ್ರತಿ ಸೋಮವಾರ ಮುಂಜಾನೆ, ಇಂಜಿನ್ ತಣ್ಣಗಿರುವಾಗ, ಕೂಲಂಟಿನ ಮಟ್ಟವನ್ನು ನೋಡಿ ಗೋಡೆಯ ಕ್ಯಾಲೆಂಡರಿನಲ್ಲಿ ಗೆರೆ ಎಳೆಯುತ್ತಾನೆ. ಗೆರೆ ಇನ್ನೂ ಒಂದೇ ಮಟ್ಟದಲ್ಲಿದೆ.