ಹಳೇ ಆಲ್ಫಾದಲ್ಲಿ ದಿನಾ ಆಫೀಸಿಗೆ

ಭಾಗ 1

ಕಳೆದ ವಾರ ಬಾನೆಟ್ ತೆಗೆದು ಆ ಆರು ಕ್ರೋಮ್ ಪೈಪಿನ ಫೋಟೋ ಹಾಕಿದ್ದೇ ತಡ, ಇನ್‌ಬಾಕ್ಸ್ ತುಂಬಾ ಒಂದೇ ಪ್ರಶ್ನೆ. "ಇದನ್ನ ದಿನಾ ಓಡಿಸ್ತೀಯಾ? ನಿಜವಾಗ್ಲೂ?" ಹೌದು ಮಾರಾಯ್ರೆ, ದಿನಾ. ನನ್ನ ಹತ್ರ ಬೇರೆ ಕಾರಿಲ್ಲ. ಸ್ಟುಟ್‌ಗಾರ್ಟ್ ಮನೆಯಿಂದ ಬೋಬ್ಲಿಂಗೆನ್ ಆಫೀಸಿಗೆ ಹೋಗಿ ಬರೋಕೆ 44 ಕಿಲೋಮೀಟರ್. ಮಳೆ, ಹಿಮ, ಶನಿವಾರದ ತರಕಾರಿ, ಹಳೇ ಸೋಫಾ ಬಿಸಾಕೋದು, ಎಲ್ಲಾ ಇದರಲ್ಲೇ.

ಜೂನಿಯರ್ ಒಬ್ಬ ಮಾತ್ರ ಬೇರೆ ಥರ ಬರೆದಿದ್ದ. ಮ್ಯೂನಿಕ್‌ನಲ್ಲಿ ಕೆಲಸ ಸಿಕ್ಕಿದೆ, ಉಳಿತಾಯದ ದುಡ್ಡೆಲ್ಲಾ ಹಾಕಿ ಇಂಥದ್ದೇ ಕಾರು ತಗೋಬೇಕಂತ ಇದ್ದಾನೆ. ಈ ಭಾನುವಾರ ನೋಡೋಕೆ ಹೋಗ್ತಾನಂತೆ. ತಮ್ಮಾ, ಈ ಸರಣಿ ಮುಖ್ಯವಾಗಿ ನಿನಗೆ. ಉಳಿದವರೂ ಓದಿ, ನನ್ನ ಮಾನ ಹೋಗೋ ಕತೆ ಭಾಗ 3ರಲ್ಲಿದೆ.

ಭಾಗ 2

ಮೊದಲು ಕಾರಿನ ಪರಿಚಯ. ಆಲ್ಫಾ ರೋಮಿಯೋ 156 ಸ್ಪೋರ್ಟ್‌ವ್ಯಾಗನ್ ಜಿಟಿಎ, 2003ರ ಮಾಡೆಲ್. ಎಸ್ಟೇಟ್ ಅಂದ್ರೆ ಗೊತ್ತಲ್ಲ, ಛಾವಣಿ ಹಿಂದಿನ ತನಕ ಎಳೆದು ಡಿಕ್ಕೀನ ಒಳಗೇ ಸೇರಿಸಿರೋ ಕಾರು. ನಿಮ್ಮ ಅಪ್ಪಂದಿರಿಗೆ ಟಾಟಾ ಎಸ್ಟೇಟ್ ನೆನಪಿರುತ್ತೆ, ಕೇಳಿ. ತಮಾಷೆ ಏನಂದ್ರೆ ಸಾಮಾನೆಲ್ಲಾ ಹಿಡಿಸ್ಲಿ ಅಂತ ಮಾಡೋ ಬಾಡಿ ಇದು, ಆದರೆ ಈ ವ್ಯಾಗನ್ನಿನ ಡಿಕ್ಕಿ 360 ಲೀಟರ್, ಇದೇ 156ರ ಸೆಡಾನ್‌ದು 378. ಸೀಟು ಮಡಚಿದ್ರೆ ಮಾತ್ರ ವ್ಯಾಗನ್ ಗೆಲ್ಲುತ್ತೆ. ಹಿಂದಿನ ಬಾಗಿಲಿನ ಹಿಡಿ ಕಿಟಕಿ ಪಕ್ಕ ಅಡಗಿರೋದ್ರಿಂದ ಮೊದಲ ಸಲ ಹತ್ತೋರೆಲ್ಲಾ ಅರ್ಧ ನಿಮಿಷ ಬಾಗಿಲು ತಡವರಿಸ್ತಾರೆ. ಇಟಲಿಯವರಿಗೆ ಚಂದ ಮೊದಲು, ಅಕ್ಕಿ ಮೂಟೆ ಆಮೇಲೆ.

ಜಿಟಿಎಯಲ್ಲಿ 'ಎ' ಅಂದ್ರೆ ಇಟಾಲಿಯನ್‌ನಲ್ಲಿ 'ಹಗುರ ಮಾಡಿದ್ದು'. 1965ರ ಜೂಲಿಯಾ ಜಿಟಿಎಗೆ ಆ ಹೆಸರು ಒಪ್ಪುತ್ತಿತ್ತು. ನಮ್ಮದು ಸಾದಾ 156ಕ್ಕಿಂತ ಭಾರ! ಆದ್ರೂ ಕ್ಷಮಿಸಿಬಿಡ್ತೀವಿ, ಯಾಕಂದ್ರೆ ಮುಂದಿರೋದು ಬುಸ್ಸೋ ವಿ6. ಜುಸೆಪ್ಪೆ ಬುಸ್ಸೋ ಅನ್ನೋ ಎಂಜಿನಿಯರ್ ಮಾಡಿದ್ದು, 1979ರಲ್ಲಿ ಆಲ್ಫಾ 6 ಕಾರಿನಲ್ಲಿ ಮೊದಲು ಬಂತು. ಮಿಲಾನ್ ಹತ್ತಿರದ ಅರೇಸೆಯಲ್ಲಿ 2005ರ ಕೊನೆಗೆ ಅದರ ತಯಾರಿಕೆ ನಿಂತಿತು. 2006ರ ಜನವರಿ ಮೊದಲ ವಾರದಲ್ಲೇ ಬುಸ್ಸೋ ತೀರಿಕೊಂಡರು. ನನ್ನದು 3.2 ಲೀಟರ್, 250 ಕುದುರೆ ಶಕ್ತಿ, ಎಲ್ಲಾ ಮುಂದಿನ ಎರಡು ಚಕ್ರಕ್ಕೆ. 3,000 ಆರ್‌ಪಿಎಂ ತನಕ ಸಭ್ಯಸ್ಥ. 4,500 ದಾಟಿದ ಮೇಲೆ ಬರೋ ದನಿಯನ್ನ ವಿಡಿಯೋ ಮಾಡಿ ಹಾಕಿದ್ರೆ ನಿಮ್ಮ ಫೋನಿನ ಸ್ಪೀಕರ್‌ಗೆ ಅದು ಮಿಕ್ಸಿ ಥರ ಕೇಳುತ್ತೆ. ಅದಕ್ಕೇ ಹಾಕಿಲ್ಲ.

ಇನ್ನು ದಿನನಿತ್ಯದ ಸಂಗತಿ. ಊರೊಳಗೆ ಲೀಟರಿಗೆ 6 ಕಿಲೋಮೀಟರ್, ಹೈವೇಯಲ್ಲಿ ನಾನು ಒಳ್ಳೆಯವನಾಗಿದ್ರೆ 10. ಸ್ಟೀರಿಂಗ್ ಈ ತುದಿಯಿಂದ ಆ ತುದಿಗೆ ಎರಡು ಸುತ್ತೂ ಇಲ್ಲ, ಆದ್ರೆ ತಿರುಗೋಕೆ ಮಾತ್ರ ಬಸ್ಸಿನಷ್ಟು ಜಾಗ ಬೇಕು. ನಮ್ಮ ಅಪಾರ್ಟ್‌ಮೆಂಟ್ ನೆಲಮಾಳಿಗೆಯಲ್ಲಿ ದಿನಾ ಮೂರು ಸಲ ಹಿಂದೆ ಮುಂದೆ. ಎಂಜಿನ್ ಆಯಿಲ್ ಸಂಪ್ ಅಲ್ಯೂಮಿನಿಯಂನದ್ದು, ನೆಲಕ್ಕೆ ತೀರಾ ಹತ್ತಿರ. ಊರಲ್ಲಿ ರಾತ್ರೋರಾತ್ರಿ ಏಳೋ ಹಂಪ್‌ಗಳನ್ನ ನೆನೆಸಿಕೊಂಡ್ರೆ ಎದೆ ಝಲ್ ಅನ್ನುತ್ತೆ. ಮುಂದಿನ ಸಸ್ಪೆನ್ಷನ್ನಿನ ಮೇಲ್ತೋಳುಗಳ ಬುಷ್ ಒಣಗಿದ್ರೆ ಹಳೇ ಮಂಚದ ಥರ ಕಿರ್ರ್ ಅನ್ನುತ್ತೆ, ಎರಡು ಸಲ ಬದಲಾಯಿಸಿದ್ದೀನಿ.

ಒಂದು ಆಶ್ಚರ್ಯ ಅಂದ್ರೆ ರಸ್ತೆ ತೆರಿಗೆ. ಈ ವಯಸ್ಸಿನ ಯೂರೋ 3 ಪೆಟ್ರೋಲ್ ಕಾರಿಗೆ ಜರ್ಮನಿಯಲ್ಲಿ ಪ್ರತಿ 100 ಸಿಸಿಗೆ 6.75 ಯೂರೋ, ಅಂದ್ರೆ ನನಗೆ ವರ್ಷಕ್ಕೆ 216 ಅಷ್ಟೇ. ಹಸಿರು ಸ್ಟಿಕ್ಕರ್ ಕೂಡ ಸಿಗುತ್ತೆ. ಎರಡು ವರ್ಷಕ್ಕೊಮ್ಮೆ ಟ್ಯೂಫ್ ಅನ್ನೋ ತಪಾಸಣೆ ಇದೆ, ನಮ್ಮ ಎಫ್‌ಸಿ ಇದ್ದ ಹಾಗೆ, ಆದ್ರೆ ಇವರು ನಿಜವಾಗ್ಲೂ ಕಾರಿನ ಕೆಳಗೆ ಹೋಗಿ ಸ್ಕ್ರೂಡ್ರೈವರ್‌ನಿಂದ ತುಕ್ಕು ಚುಚ್ಚಿ ನೋಡ್ತಾರೆ.

ಭಾಗ 3

ಈಗ ಬೆಲ್ಟ್ ವಿಷಯ.

ಈ ಎಂಜಿನ್ನಿನಲ್ಲಿ ನಾಲ್ಕು ಕ್ಯಾಮ್‌ಶಾಫ್ಟ್. ಅವನ್ನೆಲ್ಲಾ ತಿರುಗಿಸೋದು ಒಂದೇ ರಬ್ಬರ್ ಟೈಮಿಂಗ್ ಬೆಲ್ಟ್. ವಾಟರ್ ಪಂಪನ್ನೂ ಅದೇ ಓಡಿಸುತ್ತೆ. ಬೆಲ್ಟ್ ಹಲ್ಲು ಜಾರಿದ್ರೆ ಅಥವಾ ಕಿತ್ತುಹೋದ್ರೆ ವಾಲ್ವುಗಳು ಪಿಸ್ಟನ್‌ಗೆ ಬಡಿಯುತ್ತವೆ, ಎಂಜಿನ್ ಕತೆ ಮುಗೀತು. ಆಲ್ಫಾ ಮೊದಲು ಹೇಳಿದ್ದು 1,20,000 ಕಿಲೋಮೀಟರ್. ಇದನ್ನ ಬಲ್ಲ ಮೆಕ್ಯಾನಿಕ್‌ಗಳು ಹೇಳೋದು 60,000, ಇಲ್ಲಾ ನಾಲ್ಕೈದು ವರ್ಷ, ಯಾವುದು ಮೊದಲೋ ಅದು. ಪಂಪನ್ನೂ ಜೊತೆಗೇ ಬದಲಾಯಿಸಬೇಕು. ಎಂಜಿನ್ ಅಡ್ಡಡ್ಡ ಕೂತಿರೋದ್ರಿಂದ ಬೆಲ್ಟ್ ಇರೋ ಕಡೆ ಕೈ ಹೋಗೋಕೂ ಜಾಗ ಇಲ್ಲ. ಹಾಗಾಗಿ ಮಜೂರಿಯೇ ಜಾಸ್ತಿ.

ನಾನು ತಗೊಂಡಾಗ ಮಾರೋನು ಡಿಫರೆನ್ಷಿಯಲ್ ಬದಲಾಯಿಸಿದ ಬಿಲ್ಲು ತೋರಿಸಿದ. ಒಳ್ಳೇದು, ಯಾಕಂದ್ರೆ ಜಿಟಿಎಯ ಮೂಲ ಡಿಫರೆನ್ಷಿಯಲ್ ಒಡೆದು ಗೇರ್‌ಬಾಕ್ಸ್ ಕವಚವನ್ನೇ ತೂತು ಮಾಡಿದ ಉದಾಹರಣೆಗಳಿವೆ. ಬೆಲ್ಟ್ ಬಗ್ಗೆ ಕೇಳಿದ್ದಕ್ಕೆ "ಮಾಡಿಸಿದೆ" ಅಂದ. ಬಿಲ್ಲು ಇರಲಿಲ್ಲ. ಮೊದಲ ತಿಂಗಳೇ ಮಾಡಿಸ್ತೀನಿ ಅಂತ ನನಗೆ ನಾನೇ ಹೇಳಿಕೊಂಡೆ. ಆಮೇಲೆ ಮನೆ ಬದಲಾಯಿಸಿದೆ. ಆಮೇಲೆ ಊರಿಗೆ ಟಿಕೆಟ್. ಆಮೇಲೆ, ಆ ಏಪ್ರಿಲ್‌ನಲ್ಲಿ, ದುಂಡು ತೂತಿನ 17 ಇಂಚಿನ ಅಲಾಯ್ ಚಕ್ರ, ಹೊಸದಾಗಿ ಬಣ್ಣ ಹಾಕಿದ್ದು, 900 ಯೂರೋ. ನೆನಪಿದೆಯಾ? ನನ್ನ ಪೇಜಿನಲ್ಲಿ ಅತಿ ಹೆಚ್ಚು ಲೈಕ್ ಬಂದ ಫೋಟೋ ಅದೇ.

ಜೂನ್‌ನಲ್ಲಿ ಅಪ್ಪ ಅಮ್ಮ ಮೊದಲ ಸಲ ಬಂದ್ರು. ಬೆಂಗಳೂರಿಂದ ಫ್ರಾಂಕ್‌ಫರ್ಟ್, ಬೆಳಿಗ್ಗೆ ಇಳಿಯೋ ವಿಮಾನ. ಅಲ್ಲಿಗೆ ನನ್ನ ಮನೆಯಿಂದ 200 ಕಿಲೋಮೀಟರ್. ಆರು ಗಂಟೆಗೆ ಹೊರಟೆ, ಕಾರು ತೊಳೆದು, ಹಿಂದಿನ ಸೀಟಿಗೆ ಬೆಡ್‌ಶೀಟ್ ಹಾಸಿ. ಪ್ಫೋರ್ಟ್ಸ್‌ಹೈಮ್ ಹತ್ತಿರ ಮುಂದಿನಿಂದ ಸಣ್ಣಗೆ ಚಿಂವ್ ಚಿಂವ್ ಶುರುವಾಯ್ತು. ರೇಡಿಯೋ ಜೋರು ಮಾಡಿದೆ. ಹೌದು, ಮಾಡಿದೆ. ಎರಡು ನಿಮಿಷಕ್ಕೆ ಕೂಲೆಂಟ್‌ನ ಸಿಹಿ ವಾಸನೆ, ಟೆಂಪರೇಚರ್ ಮುಳ್ಳು 90 ದಾಟಿ ಮೇಲೆ. ಪಕ್ಕಕ್ಕೆ ಹಾಕಿ ಆಫ್ ಮಾಡಿದೆ.

ಟೋಯಿಂಗ್ ಗಾಡಿ ಬರೋಕೆ ಒಂದೂವರೆ ಗಂಟೆ. ಅಲ್ಲಿಂದ ಒಂದು ರೈಲು, ಕಾರ್ಲ್ಸ್‌ರೂಹೆಯಲ್ಲಿ ಇನ್ನೊಂದು. ವಿಮಾನ ನಿಲ್ದಾಣ ಮುಟ್ಟಿದಾಗ ಒಂದೂವರೆ. ಅವರು ಹೊರಗೆ ಬಂದು ಐದು ಗಂಟೆ ಆಗಿತ್ತು. ಅಪ್ಪನ ಫೋನಿಗೆ ರೋಮಿಂಗ್ ಇರಲಿಲ್ಲ, ಹಾಕಿಸಿ ಅಂತ ಹೇಳೋಕೆ ನಾನೂ ಮರೆತಿದ್ದೆ. ಅಮ್ಮ ಚಕ್ಕುಲಿ ಡಬ್ಬದ ಚೀಲ ಮಡಿಲಲ್ಲಿ ಇಟ್ಕೊಂಡು ಟ್ರಾಲಿ ಅಂಚಿನ ಮೇಲೆ ಕೂತಿದ್ರು. ಅಪ್ಪ ಮಾತ್ರ ಅದೇ ಬಾಗಿಲ ಎದುರು ನಿಂತೇ ಇದ್ರು, ಕೂತ್ರೆ ನಾನು ಕಾಣದೆ ಹೋಗಿಬಿಡ್ತೀನೇನೋ ಅಂತ. ನೀರು ಕೂಡ ತಗೊಂಡಿರಲಿಲ್ಲ. "ನಾಲ್ಕು ಯೂರೋ ಅಂತೆ ಕಣೋ ಒಂದು ಬಾಟ್ಲಿ" ಅಂದ್ರು ಅಮ್ಮ.

ಭಾಗ 4

ಮೂರನೇ ದಿನ ಗ್ಯಾರೇಜಿನಿಂದ ಫೋನ್ ಬಂತು. ಅಪ್ಪ ನಾನೂ ಬರ್ತೀನಿ ಅಂದ್ರು. ಮೆಕ್ಯಾನಿಕ್ ಹಳೇ ಪಂಪ್ ಕೈಗಿಟ್ಟ. ಬೇರಿಂಗ್ ಲೊಡಲೊಡ, ಒಳಗಿನ ಪ್ಲಾಸ್ಟಿಕ್ ಇಂಪೆಲ್ಲರ್ ಬಿರುಕು. ಸೋರಿದ ಕೂಲೆಂಟ್ ಬೆಲ್ಟ್ ಮೇಲೆ ಬಿದ್ದಿತ್ತು, ಒಂದು ಅಂಚು ದಾರದಾರ ಬಿಟ್ಟಿತ್ತು. ಬೆಲ್ಟ್ ಎಷ್ಟು ವರ್ಷದ್ದು ಅಂತ ಕೇಳೋ ಧೈರ್ಯ ನನಗಾಗಲಿಲ್ಲ, ಅವನೇ ತಿರುಗಿಸಿ ಅಚ್ಚಾಗಿದ್ದ ವರ್ಷ ತೋರಿಸಿದ. 2011. ಬಿಲ್ಲು 1,450 ಯೂರೋ.

ಅಪ್ಪನ ಹತ್ರ ಹಾಸನದಲ್ಲಿ ಪ್ರೀಮಿಯರ್ ಪದ್ಮಿನಿ ಇತ್ತು. ಅದೂ ಮೂಲದಲ್ಲಿ ಫಿಯಟ್ 1100, ಇಟಲಿಯ ಸಂಬಂಧವೇ. ಅದರ ಡಿಕ್ಕಿಯಲ್ಲಿ ಯಾವಾಗಲೂ ಒಂದು ಬಿಸ್ಕತ್ ಟಿನ್ನು, ಒಳಗೆ ಪಾಯಿಂಟ್ಸ್, ಕಂಡೆನ್ಸರ್, ಒಂದು ಫ್ಯಾನ್ ಬೆಲ್ಟ್. ಶಿರಾಡಿ ಘಾಟಿಯಲ್ಲಿ ನಿಂತ್ರೆ ಅವರೇ ಬದಲಾಯಿಸಿ ಹೊರಡ್ತಿದ್ರು. ನನ್ನ ಬೆಲ್ಟನ್ನ ಬೆಳಕಿಗೆ ಹಿಡಿದು ಒಂದೊಂದೇ ಹಲ್ಲು ಬಗ್ಗಿಸಿ ನೋಡಿದ್ರು. "ನಮ್ಮದ್ರಲ್ಲಿ ಚೈನ್ ಇತ್ತು" ಅಂದ್ರು, ಅಷ್ಟೇ. ಬೈಯಲಿಲ್ಲ. ಹೊರಗೆ ಬಂದ ಮೇಲೆ ಮೆಲ್ಲಗೆ, "ದುಡ್ಡಿದೆಯಾ? ಇಲ್ಲಾಂದ್ರೆ ನಾನು ತಂದಿರೋದ್ರಲ್ಲಿ ಕೊಡ್ತೀನಿ" ಅಂದ್ರು. ಎದುರಿಗೆ ನಿಂತಿದ್ದ ಕಾರಿನಲ್ಲಿ ಆ 900 ಯೂರೋ ಚಕ್ರಗಳು ಫಳಫಳ ಅಂತಿದ್ವು. ದುಡ್ಡಿತ್ತು. ಆ ಪ್ರಶ್ನೆಗೆ ಇವತ್ತಿಗೂ ನನ್ನ ಹತ್ರ ಸರಿಯಾದ ಉತ್ತರ ಇಲ್ಲ.

ವಾಪಸ್ ಬರುವಾಗ ಅಪ್ಪನೇ "ಒಂದ್ಸಲ ಪೂರ್ತಿ ಎಳಿ, ಕೇಳೋಣ" ಅಂದ್ರು. ಎಂಜಿನ್ ಬಿಸಿಯಾಗಲಿ ಅಂತ 15 ನಿಮಿಷ ಕಾಯಿಸಿದೆ. ಆಮೇಲೆ ಮೂರನೇ ಗೇರಿನಲ್ಲಿ ಎಳೆದೆ. ಅಪ್ಪ ಕಿಟಕಿ ಇಳಿಸಿದ್ರು.

ಭಾಗ 5

ಸರಿ ತಮ್ಮಾ, ಭಾನುವಾರ. ತಗೋಬೇಡ ಅನ್ನಲ್ಲ, ನಾನೇ ಇನ್ನೂ ಓಡಿಸ್ತಾ ಇದ್ದೀನಿ. ಆದ್ರೆ ಕಾರಿನ ಬೆಲೆ ಕೊಟ್ಟ ಮೇಲೆ ಕೈಯಲ್ಲಿ 2,500 ಯೂರೋ ಉಳಿಯಲ್ಲ ಅಂದ್ರೆ ಈ ವರ್ಷ ಬೇಡ. ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಹೋಗು, ಮೊದಲೇ ಬಿಸಿ ಮಾಡಿಟ್ಟಿದ್ರೆ ಯಾಕೆ ಅಂತ ಕೇಳು. ಬೆಲ್ಟಿನ ಬಿಲ್ಲು ಕೇಳು. ಅದರಲ್ಲಿ ದಿನಾಂಕ, ಕಿಲೋಮೀಟರ್, ಪಂಪ್ ಮೂರೂ ಇರಬೇಕು. ಇಲ್ಲ ಅಂದ್ರೆ ಬೆಲ್ಟ್ ಬದಲಾಯಿಸಿಲ್ಲ ಅಂತಲೇ ಲೆಕ್ಕ, ಅಷ್ಟು ದುಡ್ಡು ಬೆಲೆಯಲ್ಲಿ ಇಳಿಸು. ಕೆಳಗೆ ಮಲಗಿ ಫ್ಲೋರು ನೋಡು, 156 ಮೇಲಿನಿಂದ ಚೆನ್ನಾಗಿದ್ದು ತಳದಲ್ಲಿ ತುಕ್ಕು ಹಿಡಿಯುತ್ತೆ. ಸಂಪ್ ಮೇಲೆ ಗೀರು ಇದೆಯಾ ನೋಡು. ಪಾರ್ಕಿಂಗ್ ವೇಗದಲ್ಲಿ ಸ್ಟೀರಿಂಗ್ ಪೂರ್ತಿ ತಿರುಗಿಸಿ ಕಿರ್ರ್ ಕೇಳಿಸ್ಕೋ.

ಚಕ್ರ ನೋಡ್ಬೇಡ. ಟಾರ್ಚು, ಹಳೇ ಬೆಡ್‌ಶೀಟು ತಗೊಂಡು ಹೋಗು. ಸಂಜೆ ಬಿಲ್ಲುಗಳ ಫೋಟೋ ಕಳಿಸು, ಇಬ್ರೂ ಕೂತು ಓದೋಣ.