ಅಪ್ಪಯ್ಯನ ಸೊಂಟಕ್ಕೊಂದು ಚಾಪೆ

ಬೆನ್ನಿಗೆ ಚೀಲ ಹಾಕಿಕೊಂಡು ಬೆಟ್ಟ ಹತ್ತುವವರ ನಡುವೆ ಬೂಟಿನ ಬಗ್ಗೆ, ಚೀಲದ ಬಗ್ಗೆ, ಡೇರೆಯ ಬಗ್ಗೆ ಗಂಟೆಗಟ್ಟಲೆ ಚರ್ಚೆ ನಡೆಯುತ್ತದೆ. ರಾತ್ರಿ ಬೆನ್ನಡಿಗೆ ಏನು ಹಾಸುತ್ತೀರಿ ಎಂದು ಕೇಳಿದರೆ ಮಾತ್ರ ‘ಏನಾದರೂ ಒಂದು’ ಎನ್ನುತ್ತಾರೆ. ಇಪ್ಪತ್ತರ ವಯಸ್ಸಿಗೆ ಆ ಉತ್ತರ ಸಾಕು. ಆ ವಯಸ್ಸಿನ ಸೊಂಟ ಮುರಕಲ್ಲಿನ ಮೇಲೂ ನಿದ್ದೆ ಮಾಡುತ್ತದೆ. ನಾನು ಈ ಪ್ರಶ್ನೆಯ ಹಿಂದೆ ಬಿದ್ದದ್ದು 69 ವರ್ಷದ ಸೊಂಟವೊಂದರ ಸಲುವಾಗಿ.

ಅಪ್ಪಯ್ಯ ಮೂವತ್ತು ವರ್ಷ ಬಡಗುತಿಟ್ಟಿನ ಹರಕೆ ಮೇಳದಲ್ಲಿ ವೇಷ ಮಾಡಿದವರು. ನವೆಂಬರ್ ಹೊತ್ತಿಗೆ ಮನೆಯಿಂದ ಹೊರಟರೆ ಮೇ ಕೊನೆಗೆ ತಿರುಗಾಟ ಮುಗಿಯುತ್ತಿತ್ತು. ರಾತ್ರಿಯಿಡೀ ಕುಣಿತ, ಹಗಲು ನಿದ್ದೆ. ಆ ನಿದ್ದೆ ಎಲ್ಲೆಲ್ಲಿ ಎಂದು ಕೇಳಿದರೆ ಊರುಗಳ ಹೆಸರು ಹೇಳುವುದಿಲ್ಲ, ನೆಲಗಳ ಹೆಸರು ಹೇಳುತ್ತಾರೆ: ಆಟ ಆಡಿಸಿದವರ ಮನೆಯ ಸೆಗಣಿ ಸಾರಿಸಿದ ಜಗಲಿ, ಶಾಲೆಯ ಸಿಮೆಂಟು ನೆಲ, ದೇವಸ್ಥಾನದ ಹೊರಸುತ್ತಿನ ಶಿಲೆಕಲ್ಲು, ಆಮೇಲಿನ ವರ್ಷಗಳಲ್ಲಿ ಮೇಳದ ಬಸ್ಸಿನ ಸೀಟು. ಹಾಸಲು ಒಂದು ಓಲೆ ಚಾಪೆ, ಹೊದೆಯಲು ಒಂದು ಹಳೆಯ ಪಂಚೆ. ಮಂಡಿ ಹಾಕಿ ಕುಣಿದ ಕಾಲಿನ ಲೆಕ್ಕ ಈಗ ಬಂದು ಮುಟ್ಟುತ್ತಿದೆ. ಬಲಗಡೆ ಸೊಂಟದ ಮೂಳೆ ರಾತ್ರಿ ಎರಡರ ಹೊತ್ತಿಗೆ ಎಬ್ಬಿಸುತ್ತದೆ. ಅವರಿಗೆ ಬಲಮಗ್ಗುಲಾಗಿ ಮಲಗದೆ ನಿದ್ದೆ ಹತ್ತುವುದಿಲ್ಲ ಎಂಬುದು ತೊಡಕಿನ ಇನ್ನರ್ಧ.

ಹೀಗಿರುವವರು ಕಳೆದ ವರ್ಷ ಊಟಕ್ಕೆ ಕೂತವರೇ ಹೇಳಿದರು: “ಮಗಾ, ಕೊಡಚಾದ್ರಿಗೆ ಒಂದ್ ಸಲ ಹೋಯ್ಕ್. ಒಂದ್ ರಾತ್ರಿ ಅಲ್ಲೇ ಮನಿಕಣ್ಕ್.”

“ಮಂಚದ್ ಮೇಲೇ ನಿದ್ರಿ ಬತ್ತಿಲ್ಲೆ, ಗುಡ್ಡಿ ಮೇಲೆ ಬತ್ತಾ ಇವ್ರಿಗೆ?” ಎಂದರು ಅಮ್ಮ, ನನ್ನ ಕಡೆ ನೋಡಿ. ಅಪ್ಪಯ್ಯ ಉತ್ತರ ಕೊಡಲಿಲ್ಲ. ಮೇಳ ಬಿಟ್ಟ ಮೇಲೆ ಅವರು ಯಾವುದನ್ನೂ ಹೀಗೆ ಬಾಯಿಬಿಟ್ಟು ಕೇಳಿರಲಿಲ್ಲ. ರಾತ್ರಿ ಕೆಟ್ಟರೆ ಮರುದಿನ ಕಾಲು ಬರುವುದಿಲ್ಲ, ಕಾಲು ಬಾರದೆ ಬೆಟ್ಟದಿಂದ ಹೊತ್ತು ಇಳಿಸಬೇಕಾದರೆ ಅವರು ಇನ್ನು ಎಲ್ಲಿಗೂ ಹೊರಡುವುದಿಲ್ಲ. ಅದು ನನಗೆ ಗೊತ್ತಿತ್ತು.

ಕೊಡಚಾದ್ರಿ ಮೂಕಾಂಬಿಕಾ ವನ್ಯಜೀವಿ ಧಾಮದೊಳಗಿನ ಬೆಟ್ಟ, ಎತ್ತರ 1343 ಮೀಟರ್. ಅಲ್ಲಿ ಮನಸ್ಸು ಬಂದಲ್ಲಿ ಡೇರೆ ಹೊಡೆಯುವಂತಿಲ್ಲ. ನಾವು ಉಳಿಯಬೇಕಿದ್ದದ್ದು ಮೂಲ ಮೂಕಾಂಬಿಕೆಯ ಗುಡಿಯ ಹತ್ತಿರ. ಉಳಿಯುವುದೆಂದರೆ ನೆಲದ ಮೇಲೆ. ಡಿಸೆಂಬರಿನಲ್ಲಿ ಆ ನೆಲ ನಮ್ಮ ಬ್ರಹ್ಮಾವರದ ನೆಲದ ಹಾಗಿರುವುದಿಲ್ಲ.

ನೆಲ ಮೈಯನ್ನು ಎರಡು ರೀತಿಯಲ್ಲಿ ಕಾಡುತ್ತದೆ. ಒಂದು ಗಡಸುತನ, ಅದು ಎಲ್ಲರಿಗೂ ಗೊತ್ತು. ಇನ್ನೊಂದು ತಂಪು. ಮೈಯ ಬಿಸಿ ಮೇಲಿನ ಗಾಳಿಗೆ ಹೋಗುವುದಕ್ಕಿಂತ ಬೇಗ ಕೆಳಗಿನ ಕಲ್ಲಿಗೆ ಇಳಿಯುತ್ತದೆ. ದಪ್ಪ ಸ್ಲೀಪಿಂಗ್ ಬ್ಯಾಗಿನೊಳಗೆ ಹೊಕ್ಕರೂ ಬೆನ್ನಡಿಯ ಹತ್ತಿಯೋ ಗರಿಯೋ ನಮ್ಮದೇ ಭಾರಕ್ಕೆ ಚಪ್ಪಟೆಯಾಗಿ, ಒಳಗಿನ ಗಾಳಿ ಹೊರಟುಹೋಗಿ, ಬಿಸಿ ಹಿಡಿಯುವ ಶಕ್ತಿ ಕಳೆದುಕೊಂಡಿರುತ್ತದೆ. ಬೆಚ್ಚಗಿಡುವುದು ಬಟ್ಟೆಗಿಂತ ಹೆಚ್ಚಾಗಿ ಅದರೊಳಗೆ ಸಿಕ್ಕಿಕೊಂಡ ಗಾಳಿ. ಹಾಗಾಗಿ ಕೆಳಗಿನ ಹಾಸು ಭಾರಕ್ಕೆ ಕುಗ್ಗದಂಥದ್ದಾಗಿರಬೇಕು. ಈ ತಡೆಯುವ ಶಕ್ತಿಗೆ ಆರ್-ವ್ಯಾಲ್ಯೂ ಎಂಬ ಅಂಕಿಯಿದೆ. ಮೊದಲು ಒಂದೊಂದು ಕಂಪನಿ ತನ್ನದೇ ರೀತಿಯಲ್ಲಿ ಅಳೆದು ಬರೆದುಕೊಳ್ಳುತ್ತಿತ್ತು. 2018ರಲ್ಲಿ ಎಲ್ಲರಿಗೂ ಒಂದೇ ಪರೀಕ್ಷಾ ವಿಧಾನ ಬಂತು, ಎಎಸ್‌ಟಿಎಮ್ ಎಫ್ 3340 ಎಂದು ಅದರ ಹೆಸರು. ಅಂಕಿ ಹೆಚ್ಚಿದ್ದಷ್ಟೂ ಬೆಚ್ಚಗೆ. ಎರಡು ಹಾಸನ್ನು ಒಂದರ ಮೇಲೊಂದು ಹಾಕಿದರೆ ಎರಡರ ಅಂಕಿಯನ್ನೂ ಕೂಡಿಸಬಹುದು. ನಮಗೆ ಹಿಮಾಲಯದ ಲೆಕ್ಕ ಬೇಡ. ನಮ್ಮ ಘಟ್ಟದ ಚಳಿಗೆ ಒಂದೂವರೆ, ಎರಡು ಧಾರಾಳ. ನಮ್ಮ ಕಡೆ ಅಂಕಿಗಿಂತ ಮುಖ್ಯವಾದ ವೈರಿಗಳು ಬೇರೆ: ತೇವ, ಬೂಷ್ಟು, ನಾಚಿಕೆ ಮುಳ್ಳು.

ಕುಂದಾಪುರದ ಗೆಳತಿಯರಿಂದ, ಅವರ ಮಕ್ಕಳಿಂದ ಮೂರು ಬಗೆಯ ಹಾಸು ಎರವಲು ತಂದೆ. ಚಾವಡಿಯಲ್ಲಿ ಸಾಲಾಗಿ ಹಾಸಿದೆ. ಅಪ್ಪಯ್ಯ ಚೌಕಿಯಲ್ಲಿ ಬಣ್ಣ ಹಚ್ಚಲು ಕೂರುವ ಗತ್ತಿನಲ್ಲೇ ಬಂದು ಕೂತರು.

ಮೊದಲನೆಯದು ಮಡಚುವ ಫೋಮ್. ಇದರ ಗುಳ್ಳೆಗಳೆಲ್ಲ ಮುಚ್ಚಿದ ಗುಳ್ಳೆಗಳು, ಹಾಗಾಗಿ ನೀರು ಹೀರುವುದಿಲ್ಲ. ತೂಕ ಅರ್ಧ ಕಿಲೋ ಒಳಗೆ, ಅಗಲ ಭುಜದಷ್ಟು. ಮುಳ್ಳು ಚುಚ್ಚಿದರೆ ಚಿಂತೆಯಿಲ್ಲ. ವಿದ್ಯಾರ್ಥಿಗಳು ಕೊಳ್ಳುವುದಾದರೆ ಕಣ್ಣು ಮುಚ್ಚಿ ಇದನ್ನೇ ಕೊಳ್ಳಿ ಎನ್ನುತ್ತೇನೆ, ಅಗ್ಗವೂ ಹೌದು. ಮರವಂತೆಯಂಥ ಕಡಲತೀರದ ಮರಳಾದರಂತೂ ಸೊಂಟ ಬರುವಲ್ಲಿ ಕೈಯಿಂದ ಒಂದಿಷ್ಟು ಮರಳು ಬಗೆದು ತಗ್ಗು ಮಾಡಿ ಮೇಲೆ ಇದನ್ನು ಹಾಸಿದರೆ ಮಂಚವೇ ಬೇಡ. ಆದರೆ ಗಟ್ಟಿ ನೆಲದ ಮೇಲೆ ಮಗ್ಗುಲಾಗಿ ಮಲಗುವವರಿಗೆ ಎರಡು ಸೆಂಟಿಮೀಟರ್ ದಪ್ಪ ಸಾಲುವುದಿಲ್ಲ. ಬೆನ್ನ ಮೇಲೆ ಮಲಗುವವನ ಭಾರ ಹರಡಿಕೊಳ್ಳುತ್ತದೆ, ಮಗ್ಗುಲಾದವನ ಭಾರವೆಲ್ಲ ಭುಜ ಮತ್ತು ಸೊಂಟ ಎಂಬ ಎರಡು ಬಿಂದುಗಳಿಗೆ ಬೀಳುತ್ತದೆ. ಅಪ್ಪಯ್ಯ ಐದು ನಿಮಿಷ ಮಲಗಿ ಎದ್ದರು. “ಇದ್ ನಮ್ ಚಾಪಿಯೇ. ಬಣ್ಣ ಬೇರೆ.”

ಎರಡನೆಯದು ಪೂರ್ತಿ ಗಾಳಿಯದು. ಮಡಚಿದರೆ ನೀರಿನ ಬಾಟಲಿಯಷ್ಟು, ಊದಿದರೆ ಏಳೆಂಟು ಸೆಂಟಿಮೀಟರ್ ದಪ್ಪ. ಅಂಗಡಿಯವರು ಇದನ್ನೇ ಮುಂದೆ ಮಾಡುತ್ತಾರೆ. ಅಪ್ಪಯ್ಯ ಮಗ್ಗುಲು ಬದಲಿಸಿದಾಗೆಲ್ಲ ಚಿಪ್ಸ್ ಪೊಟ್ಟಣ ತುಳಿದಂಥ ಸದ್ದು. “ಗಂಗೊಳ್ಳಿ ದೋಣೆಗೆ ಮನಿಕಂಡಾಂಗೆ ಆತ್ತ್” ಎಂದರು. ನಾವು ಬಿಗಿಯಾಗಿ ಊದಿದ್ದರಿಂದ ಹಾಗಾಗಿತ್ತು. ಇದಕ್ಕೊಂದು ಕ್ರಮವಿದೆ: ಗಟ್ಟಿಯಾಗಿ ಊದಿ, ಮಗ್ಗುಲಾಗಿ ಮಲಗಿ, ಸೊಂಟ ನೆಲಕ್ಕೆ ಇನ್ನೇನು ತಾಗುತ್ತದೆ ಎನ್ನುವವರೆಗೆ ಸ್ವಲ್ಪ ಸ್ವಲ್ಪವೇ ಗಾಳಿ ಬಿಡಬೇಕು. ಹಾಗೆ ಮಾಡಿದ ಮೇಲೆ ಅವರ ಮುಖ ಸಡಿಲವಾಯಿತು. ರಾತ್ರಿ ಚಳಿಗೆ ಒಳಗಿನ ಗಾಳಿ ಕುಗ್ಗಿ ಹಾಸು ತಾನಾಗಿ ಮೆತ್ತಗಾಗುತ್ತದೆ, ಅದನ್ನು ತೂತು ಎಂದು ತಿಳಿದು ಗಾಬರಿಯಾಗಬೇಕಿಲ್ಲ. ನಿಜವಾದ ತೂತಾದರೆ ಮಾತ್ರ ಗತಿಯಿಲ್ಲ. ನಡುರಾತ್ರಿ ಅವರನ್ನು ಎಬ್ಬಿಸಿ ಕೂರಿಸಿ, ಟಾರ್ಚು ಹಿಡಿದು ತೇಪೆ ಹಚ್ಚುವ ಧೈರ್ಯ ನನಗಿಲ್ಲ. ಬಾಯಿಂದ ಊದಿದರೆ ಉಸಿರಿನ ತೇವವೂ ಒಳಗೆ ಹೋಗುತ್ತದೆ. ನಮ್ಮ ಕರಾವಳಿಯ ಹವೆಯಲ್ಲಿ ಅದು ಒಣಗುವುದು ಯಾವ ಕಾಲಕ್ಕೋ.

ಮೂರನೆಯದು ತಾನೇ ಊದಿಕೊಳ್ಳುವ ಹಾಸು. ಇದರ ಹುಟ್ಟಿನ ಕಥೆ ನನಗೆ ಇಷ್ಟ. 1970ರ ದಶಕದ ಮೊದಲಲ್ಲಿ ಅಮೆರಿಕದ ಸಿಯಾಟಲ್‌ನಲ್ಲಿ ಬೋಯಿಂಗ್ ಕಂಪನಿಯ ಕೆಲಸ ಕಳೆದುಕೊಂಡ ಎಂಜಿನಿಯರುಗಳು ಇದನ್ನು ಮಾಡಿದರು. ಅವರಲ್ಲೊಬ್ಬರು ತೋಟದ ಕೆಲಸ ಮಾಡುವಾಗ ಮೊಣಕಾಲಿಗೆ ಫೋಮಿನ ತುಂಡು ಹಾಕಿಕೊಂಡಿದ್ದರಂತೆ. ಕಾಲೂರಿದಾಗ ಅದರಿಂದ ಗಾಳಿ ಹೊರಹೋಗುವುದನ್ನು ಕಂಡು, ಈ ಗಾಳಿಯನ್ನು ಹೊರಬಿಡದ ಹಾಗೆ ಚೀಲದೊಳಗೆ ಕೂಡಿಹಾಕಿದರೆ ಹೇಗೆ ಎಂದು ಹೊಳೆಯಿತು. ಬಾಯಿ ತೆರೆದ ಗುಳ್ಳೆಗಳ ಫೋಮನ್ನು ಗಾಳಿಯಾಡದ ಬಟ್ಟೆಗೆ ಅಂಟಿಸಿ, ಮೂಲೆಗೊಂದು ಮುಚ್ಚಳ ಇಟ್ಟರು. ಮುಚ್ಚಳ ಬಿಚ್ಚಿ ಹಾಸಿದರೆ ಫೋಮ್ ಅರಳುತ್ತಾ ಗಾಳಿಯನ್ನು ಒಳಗೆಳೆದುಕೊಳ್ಳುತ್ತದೆ. ಕೊನೆಗೆ ನಾಲ್ಕು ಉಸಿರು ಊದಿದರೆ ಸಾಕು. ತೂತಾದರೂ ಒಳಗಿನ ಫೋಮ್ ಇರುತ್ತದೆ, ಪೂರ್ತಿ ನೆಲಕ್ಕಿಳಿಸುವುದಿಲ್ಲ. ತೂಕ ಮಾತ್ರ ಹೆಚ್ಚು. ತೂಕ ಹೊರುವವಳು ನಾನಾದ್ದರಿಂದ ಅದು ಅಪ್ಪಯ್ಯನ ಲೆಕ್ಕಕ್ಕೆ ಬರಲಿಲ್ಲ. ಅವರು ಅದರ ಮೇಲೆ ಬಲಮಗ್ಗುಲಾಗಿ ಮಲಗಿದರು. ಹತ್ತು ನಿಮಿಷ ಕಳೆಯಿತು. ಅಮ್ಮ ಚಹಾ ತಂದು ಕರೆದಾಗ ಓಗೊಡಲಿಲ್ಲ.

ಐದು ಸೆಂಟಿಮೀಟರ್ ದಪ್ಪದ ಅಂಥದ್ದೊಂದನ್ನು ಕೊಂಡೆವು. ಹೊರಡುವ ದಿನ ಅಪ್ಪಯ್ಯ ಅಟ್ಟದಿಂದ ತಮ್ಮ ಹಳೆಯ ಓಲೆ ಚಾಪೆಯನ್ನೂ ಇಳಿಸಿದರು. ಮುಳ್ಳು ತೆಗೆದು, ಒಣಗಿಸಿ, ಸೀಳಿ ಹೆಣೆದ ಎಲೆಯ ಚಾಪೆ. ಈಗ ಪ್ಲಾಸ್ಟಿಕ್ ಚಾಪೆ ಬಂದು ಅಂಥದ್ದನ್ನು ಹೆಣೆಯುವ ಕೈ ಹುಡುಕಬೇಕು. ಬೇಡವೆನ್ನಲು ನನಗೆ ಕಾರಣ ಸಿಗಲಿಲ್ಲ. ಅಡಿಗೆ ಹಾಕಿದರೆ ಹೊಸ ಹಾಸಿಗೆ ಕಲ್ಲು ಮುಳ್ಳು ತಾಗುವುದಿಲ್ಲ, ಜಾರುವುದೂ ಇಲ್ಲ. ದುಬಾರಿ ಅಂಗಡಿಗಳಲ್ಲಿ ಇದೇ ಕೆಲಸಕ್ಕೆ ಬೇರೆ ಹಾಳೆ ಮಾರುತ್ತಾರೆ.

ಕೊಲ್ಲೂರಿನಿಂದ ಜೀಪು. ಮೈಯ ಎಲುಬೆಲ್ಲ ಎಣಿಸಿ ಕೊಡುವ ದಾರಿ. ಮೇಲೆ ಸರ್ವಜ್ಞ ಪೀಠದವರೆಗೆ ನಿಧಾನಕ್ಕೆ ನಡೆದು, ಸೂರ್ಯ ಕಡಲ ಕಡೆ ಇಳಿದ ಮೇಲೆ ಹಿಂತಿರುಗಿ, ಎಂಟಕ್ಕೆಲ್ಲ ಮಲಗಿದೆವು. ಗಾಳಿ ಜೋರಿತ್ತು. ನಾನು ಕಿವಿ ತೆರೆದುಕೊಂಡೇ ಮಲಗಿದ್ದೆ. ಎರಡು ಗಂಟೆ ಕಳೆಯಿತು, ಅಪ್ಪಯ್ಯ ಏಳಲಿಲ್ಲ. ಮೂರಕ್ಕೆ ಎದ್ದು ಕೂತರು.

“ಸೊಂಟವಾ ಅಪ್ಪಯ್ಯ?”

“ಅಲ್ಲ ಮಗಾ. ನನ್ ವೇಷ ಹೊರ್ಡು ಹೊತ್ತ್.”

ಬೆಳಗಿನ ಜಾವದ ಆ ಹೊತ್ತಿಗೆ ಅವರು ರಂಗಕ್ಕೆ ಹೋಗಬೇಕಿತ್ತಂತೆ, ಮೂವತ್ತು ವರ್ಷ. ಗೋಡೆಗೊರಗಿ ಕೂತು, ಯಾವ ಊರಿನ ಜಗಲಿಯಲ್ಲಿ ತಿಗಣೆ, ಯಾವ ಮನೆಯಾಕೆ ಕಲಾವಿದರಿಗೆಂದೇ ತೊಳೆದ ಕಂಬಳಿ ಇಟ್ಟಿರುತ್ತಿದ್ದರು ಎಂದೆಲ್ಲ ಹೇಳಿದರು. ಬೆಳಕು ಹರಿಯುವ ಮೊದಲು ಮತ್ತೆ ಬಲಮಗ್ಗುಲಾದರು. ಏಳೂವರೆಗೆ ನಾನೇ ಎಬ್ಬಿಸಬೇಕಾಯಿತು.

ಆ ಹಾಸನ್ನು ಸುತ್ತಿಡಬಾರದು. ಮುಚ್ಚಳ ಬಿಚ್ಚಿ, ಬಿಡಿಸಿ, ಗಾಳಿಯಾಡುವಲ್ಲಿ ಇಡಬೇಕು, ಇಲ್ಲದಿದ್ದರೆ ಮಳೆಗಾಲಕ್ಕೆ ಒಳಗಿನ ಫೋಮು ಬೂಷ್ಟು ಹಿಡಿದು ಹಾಳು. ಹಾಗಾಗಿ ಅದೀಗ ಅವರ ಮಂಚದ ಹಿಂದೆ ಗೋಡೆಗೆ ಒರಗಿ ನಿಂತಿದೆ. ಮೊನ್ನೆ ನಾನು ಅದಕ್ಕೆ ಬಿಸಿಲು ತೋರಿಸುತ್ತಿದ್ದಾಗ ಅಪ್ಪಯ್ಯ ಅಂಗಳಕ್ಕೆ ಬಂದು, ಮುಚ್ಚಳವನ್ನು ಒಮ್ಮೆ ತಿರುಗಿಸಿ ನೋಡಿ ಕೇಳಿದರು: “ಮಂದಾರ್ತಿಯಂಗೆ ಆಟ ಇತ್ತಂಬ್ರು. ಇದನ್ ತಕಂಡ್ ಹೋಪುಕ್ ಆತಿಲ್ಯಾ?”